ನಿಮ್ಮ ಡಬ್ಬಿಯಲ್ಲಿ ಏನಿದೆ?

ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಕುರುಬರಹಳ್ಳಿಯಲ್ಲಿ ಬಸ್ಸಿಗೆ ಕಾದು ನಿಂತವರಲ್ಲಿ ಹೆಣ್ಣುಮಕ್ಕಳು ಬಹಳ. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಹೋಗುವವರಿದ್ದಾರೆ, ರಾಜಾಜಿನಗರದ ಅಂಗಡಿ-ಆಫೀಸುಗಳಿಗೆ, ನರ್ಸಿಂಗ್ ಹೋಮ್‌ಗಳಿಗೆ, ಶಾಲೆಗಳಿಗೆ ಹೋಗುವವರಿದ್ದಾರೆ. 2014ರ ಮಾರ್ಚ್‌ನಿಂದ ಮಹಾಲಕ್ಷ್ಮಿ ನಿಲ್ದಾಣದಲ್ಲಿ ಮೆಟ್ರೋ ಹಿಡಿದು ದೂರದ ಕಚೇರಿಗೆ ಹೋಗುವವರೂ ಸೇರಿಕೊಂಡಿದ್ದಾರೆ. ಎಲ್ಲರ ಹೆಗಲಲ್ಲೂ ಒಂದು ಚೀಲ, ಅದರೊಳಗೆ ಒಂದು ಊಟದ ಡಬ್ಬಿ. ಈ ತಿಂಗಳು ಆ ಡಬ್ಬಿಯ ಮುಚ್ಚಳ ತೆಗೆದು ನೋಡೋಣ.

ನಮ್ಮ ಮನೆಗಳಲ್ಲಿ ಡಬ್ಬಿ ತುಂಬುವ ಕ್ರಮ ಹೇಗಿರುತ್ತದೆ ಎಂದು ಒಮ್ಮೆ ನೆನಪಿಸಿಕೊಳ್ಳಿ. ಮೊದಲು ಮಕ್ಕಳದ್ದು, ನಂತರ ಯಜಮಾನರದ್ದು. ಮನೆಯಲ್ಲಿರುವ ಅತ್ತೆ-ಮಾವಂದಿರಿಗೆ ಮಧ್ಯಾಹ್ನಕ್ಕೆಂದು ಸ್ವಲ್ಪ ತೆಗೆದಿಟ್ಟದ್ದಾಯಿತು. ಕೊನೆಗೆ ಪಾತ್ರೆಯ ತಳದಲ್ಲಿ ಉಳಿದ ಎರಡು ಸೌಟು ಅನ್ನ, ಬದಿಯಲ್ಲಿ ಒಂದಿಷ್ಟು ಉಪ್ಪಿನಕಾಯಿ. ಅದು ನಮ್ಮದು. ಗಾರ್ಮೆಂಟ್ಸ್‌ಗೆ ಹೋಗುವ ನೆರೆಮನೆಯ ಸಹೋದರಿಯೊಬ್ಬರನ್ನು ಈ ಬಗ್ಗೆ ಕೇಳಿದಾಗ ಅವರು ನಕ್ಕುಬಿಟ್ಟರು. "ಆಪಾ, ನನ್ನ ಡಬ್ಬಿ ಯಾರು ತೆಗೆದು ನೋಡ್ತಾರೆ? ಮಕ್ಕಳದ್ದಾದರೆ ಟೀಚರ್ ನೋಡ್ತಾರೆ" ಎಂದರು.

ಆದರೆ ದೇಹಕ್ಕೆ ಈ ಲೆಕ್ಕ ಗೊತ್ತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ಶಿಫಾರಸಿನ ಪ್ರಕಾರ ಪ್ರಾಯದ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕಾದರೆ ಹೆಂಗಸಿಗೆ ಬೇಕಾದದ್ದು 29 ಮಿಲಿಗ್ರಾಂ. ತಿಂಗಳು ತಿಂಗಳು ನಾವು ರಕ್ತ ಕಳೆದುಕೊಳ್ಳುತ್ತೇವಲ್ಲ, ಅದಕ್ಕೆ. ಅಂದರೆ ಮನೆಯಲ್ಲಿ ಯಾರಿಗೆ ಹೆಚ್ಚು ಬೇಕೋ ಅವರ ಡಬ್ಬಿಯೇ ಎಲ್ಲಕ್ಕಿಂತ ಖಾಲಿ! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ. 47.8 ಮಂದಿಗೆ ರಕ್ತಹೀನತೆ ಕಂಡುಬಂತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಮೆಟ್ಟಿಲು ಹತ್ತಿದರೆ ಎದೆ ಡವಗುಟ್ಟುವುದು, ಮಧ್ಯಾಹ್ನ ಮೂರು ಗಂಟೆಗೆ ತಲೆ ಸುತ್ತುವುದು, ಕೂದಲು ಉದುರುವುದು, ಕಾರಣವಿಲ್ಲದೆ ಮಕ್ಕಳ ಮೇಲೆ ರೇಗುವುದು, ಇವನ್ನೆಲ್ಲ "ಕೆಲಸದ ಆಯಾಸ" ಎಂದು ಸಹಿಸಿಕೊಳ್ಳುವವರು ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಅದು 12ಕ್ಕಿಂತ ಕಡಿಮೆಯಿದ್ದರೆ ವೈದ್ಯರನ್ನು ಕಾಣಬೇಕು. ಡಬ್ಬಿಯ ಊಟ ಮಾತ್ರೆಗೆ ಬದಲಿಯಲ್ಲ.

ಇನ್ನು ಊಟಕ್ಕೆ ಸಿಗುವ ಸಮಯ. ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ಕಾರ್ಖಾನೆಗಳ ಮಟ್ಟಿಗೆ ಬಹಳ ಕಡೆ ಆ ಅರ್ಧ ಗಂಟೆಯೇ ಊಟದ ಹೊತ್ತಾಯಿತು. ಅದರಲ್ಲಿ ಕೈ ತೊಳೆಯುವ ನಲ್ಲಿಯ ಮುಂದಿನ ಸಾಲು, ಶೌಚಾಲಯದ ಸಾಲು ಕಳೆದರೆ ಉಣ್ಣಲು ಉಳಿಯುವುದು ಹದಿನೈದು ನಿಮಿಷ. ಬಿಸಿ ಮಾಡಿಕೊಳ್ಳುವ ಒಲೆಯಾಗಲಿ ಮೈಕ್ರೋವೇವ್ ಆಗಲಿ ಎಲ್ಲ ಕಡೆ ಇರುವುದಿಲ್ಲ. ಹಾಗಾಗಿ ಪತ್ರಿಕೆಗಳ ಬಣ್ಣದ ಪುಟಗಳಲ್ಲಿ ಬರುವ "ಆರೋಗ್ಯಕರ ಲಂಚ್"ಗಳು ನಮಗೆ ಅಷ್ಟಾಗಿ ಒಗ್ಗುವುದಿಲ್ಲ. ಬೆಳಿಗ್ಗೆ ಇಪ್ಪತ್ತು ನಿಮಿಷದಲ್ಲಿ ಆಗಬೇಕು, ಮಧ್ಯಾಹ್ನ ತಣ್ಣಗಾದ ಮೇಲೂ ಬಾಯಿಗೆ ರುಚಿಸಬೇಕು, ಐದು ಗಂಟೆ ಚೀಲದಲ್ಲಿದ್ದರೂ ಹಳಸಬಾರದು, ಒಂದೇ ಡಬ್ಬಿಯಲ್ಲಿ ಮುಗಿಯಬೇಕು. ಈ ನಾಲ್ಕಕ್ಕೂ ಹೊಂದುವ ಅಡುಗೆ ನಮ್ಮ ಮನೆಗಳಲ್ಲೇ ಬೇಕಾದಷ್ಟಿದೆ.

ನನ್ನ ಮಟ್ಟಿಗೆ ಮೊದಲ ಸ್ಥಾನ ಖಿಚಡಿ ಮತ್ತು ಖಟ್ಟಾಕ್ಕೆ. ಬೆಂಗಳೂರಿನ ದಖ್ಖನಿ ಮನೆಗಳಲ್ಲಿ ಇದು ಬೆಳಗಿನ ನಾಷ್ಟಾ. ಕರಾವಳಿಯ ಸಹೋದರಿಯರಿಗೆ ಅಷ್ಟು ಪರಿಚಯವಿರಲಿಕ್ಕಿಲ್ಲ. ಒಂದು ಲೋಟ ಅಕ್ಕಿಗೆ ಅರ್ಧ ಲೋಟ ಮಸೂರ್ ಬೇಳೆ, ಎರಡನ್ನೂ ತೊಳೆದು ಒಂದು ಈರುಳ್ಳಿ, ಸ್ವಲ್ಪ ಶುಂಠಿ-ಬೆಳ್ಳುಳ್ಳಿ, ಚಿಟಿಕೆ ಅರಿಶಿನದ ಜೊತೆ ಎಣ್ಣೆಯಲ್ಲಿ ಬಾಡಿಸಿ, ಮೂರು ಲೋಟ ನೀರು ಹಾಕಿ ಕುಕ್ಕರಿನಲ್ಲಿ ಎರಡು ವಿಷಲ್ ಕೂಗಿಸಿದರೆ ಖಿಚಡಿ ಸಿದ್ಧ. ಮಸೂರ್ ಬೇಳೆಯನ್ನು ನೆನೆಸಬೇಕಿಲ್ಲ, ಬೇಗ ಬೇಯುತ್ತದೆ. ಅಕ್ಕಿಯಲ್ಲಿ ಕಡಿಮೆಯಿರುವ ಪ್ರೋಟೀನ್ ಅಂಶವನ್ನು ಬೇಳೆ ತುಂಬುತ್ತದೆ, ಬೇಳೆಯಲ್ಲಿ ಕಡಿಮೆಯಿರುವುದನ್ನು ಅಕ್ಕಿ ತುಂಬುತ್ತದೆ. ಖಟ್ಟಾಕ್ಕೆ ಹುರಿದ ಎಳ್ಳು, ಹುರಿದ ಕಡಲೆಬೀಜ, ಒಣಮೆಣಸಿನಕಾಯಿ ಇಷ್ಟನ್ನೂ ಭಾನುವಾರವೇ ಪುಡಿ ಮಾಡಿ ಶೀಶೆಗೆ ತುಂಬಿಡಿ. ಬೆಳಿಗ್ಗೆ ಎರಡು ಚಮಚ ಪುಡಿಗೆ ಹುಣಸೆರಸ, ಉಪ್ಪು ಕಲಸಿದರೆ ಸಾಕು. ಹಸಿ ಈರುಳ್ಳಿಯನ್ನು ಮಾತ್ರ ಅದರಲ್ಲಿ ಬೆರೆಸಬೇಡಿ, ಮಧ್ಯಾಹ್ನದ ಹೊತ್ತಿಗೆ ವಾಸನೆ ಬರುತ್ತದೆ. ತೆಂಗಿನಕಾಯಿ ಚಟ್ನಿಯಂತೆ ಖಟ್ಟಾ ಬೇಗ ಹಳಸುವುದಿಲ್ಲ. ಬೇಸಿಗೆಯಲ್ಲಿ ಹಸಿ ತೆಂಗಿನಕಾಯಿ ಹಾಕಿದ ಯಾವುದನ್ನೂ ಡಬ್ಬಿಗೆ ಹಾಕದಿರುವುದೇ ವಾಸಿ.

ಎರಡನೆಯದು ಮೆಂತ್ಯಸೊಪ್ಪಿನ ಖೀಮಾ, ಚಪಾತಿಯೊಳಗೆ ಸುತ್ತಿದ್ದು. ಮಾಂಸದ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುತ್ತದೆ, ಅದರ ಜೊತೆಗೆ ತಿಂದ ಬೇಳೆ-ಸೊಪ್ಪಿನ ಕಬ್ಬಿಣಾಂಶವೂ ಹೆಚ್ಚು ದಕ್ಕುತ್ತದೆ. ನಮ್ಮ ಹಿರಿಯರು ಮಟನ್ನಿಗೆ ಬೇಳೆ, ಸೋರೆಕಾಯಿ ಸೇರಿಸಿ ದಾಲ್ಚಾ ಮಾಡಿದ್ದು ಎಷ್ಟು ಜಾಣತನ ನೋಡಿ! ಆದರೆ ದಾಲ್ಚಾ ಬಸ್ಸಿನಲ್ಲಿ ಚೆಲ್ಲುತ್ತದೆ, ಖೀಮಾ ಚೆಲ್ಲುವುದಿಲ್ಲ. ಭಾನುವಾರ ಅರ್ಧ ಕಿಲೋ ಖೀಮಾವನ್ನು ಶುಂಠಿ-ಬೆಳ್ಳುಳ್ಳಿ, ಅರಿಶಿನ, ಉಪ್ಪು ಹಾಕಿ ನೀರು ಇಂಗುವವರೆಗೆ ಬೇಯಿಸಿ, ಆರಿಸಿ, ಒಂದೊಂದು ದಿನಕ್ಕೆ ಬೇಕಾದಷ್ಟನ್ನು ಬೇರೆ ಬೇರೆ ಸಣ್ಣ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ. ಬೇಕಾದ ದಿನದ ಡಬ್ಬಿಯನ್ನು ಹಿಂದಿನ ರಾತ್ರಿ ಕೆಳಗಿನ ಅರೆಗೆ ಇಳಿಸಿ. ಬೆಳಿಗ್ಗೆ ಒಂದು ಹಿಡಿ ಮೆಂತ್ಯಸೊಪ್ಪಿನ ಜೊತೆ ಚೆನ್ನಾಗಿ ಹಬೆಯಾಡುವಂತೆ ಹುರಿದು, ನಿಂಬೆ ಹಿಂಡಿ, ಚಪಾತಿಯಲ್ಲಿ ಸುತ್ತಿ. ಮಟನ್ ಕೊಬ್ಬು ತಣ್ಣಗಾದರೆ ಬೆಳ್ಳಗೆ ಹೆಪ್ಪುಗಟ್ಟಿ ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ಆದ್ದರಿಂದ ಡಬ್ಬಿಗೆ ಕೊಬ್ಬಿಲ್ಲದ ಖೀಮಾ ಅಥವಾ ಕೋಳಿಯ ಖೀಮಾ ಆಗಬೇಕು. ವಾರಕ್ಕೊಮ್ಮೆ ಸ್ವಲ್ಪ ಕಲೇಜಿ ಇದೇ ರೀತಿ ಒಣಗಿಸಿ ಹುರಿದರೆ ರಕ್ತಕ್ಕೆ ಬಹಳ ಒಳ್ಳೆಯದು. ಬಸುರಿಯರು ಮಾತ್ರ ಕಲೇಜಿ ಬಿಡಬೇಕು, ಅದರಲ್ಲಿ ಎ ಜೀವಸತ್ವ ವಿಪರೀತ ಇರುತ್ತದೆ.

ಇಲ್ಲಿ ಒಂದು ಮಾತು. ಸಹೋದ್ಯೋಗಿಗಳೆಲ್ಲ ಒಂದೇ ಮೇಜಿನಲ್ಲಿ ಕುಳಿತು ಉಣ್ಣುವ ಕಡೆ ಸಸ್ಯಾಹಾರಿಗಳಿದ್ದರೆ ಮಾಂಸದ ಡಬ್ಬಿ ತೆರೆಯಲು ನಮ್ಮ ಹುಡುಗಿಯರು ಮುಜುಗರಪಡುತ್ತಾರೆ. ಕೆಲವರು ಅದಕ್ಕೆಂದೇ ಡಬ್ಬಿ ತರುವುದನ್ನೇ ಬಿಟ್ಟು ಎರಡು ಬಿಸ್ಕತ್ತು, ಚಹಾದಲ್ಲಿ ಮಧ್ಯಾಹ್ನ ಕಳೆಯುತ್ತಾರೆ. ಇದರ ಅಗತ್ಯವಿಲ್ಲ. ಮಾಂಸ ರಾತ್ರಿಯ ಊಟಕ್ಕಿರಲಿ, ಹಗಲಿಗೆ ಕಾಳು ಇರಲಿ. ಹೆಸರುಕಾಳು, ಕಡಲೆ, ಅಲಸಂದೆ ಯಾವುದಾದರೂ ಸರಿ. ರಾತ್ರಿ ನೆನೆಹಾಕಿದ ಎರಡು ಹಿಡಿ ಕಡಲೆ ಬೆಳಿಗ್ಗೆ ಕುಕ್ಕರಿನಲ್ಲಿ ಬೇಯುತ್ತದೆ. ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟು ನಿಂಬೆ ಹಿಂಡಿದರೆ ಉಸಲಿ. ನಾಲ್ಕು ಜನರ ನಡುವೆ ಡಬ್ಬಿ ಇಟ್ಟು "ತಗೊಳ್ರೀ ಮೇಡಂ" ಎಂದು ಹಂಚಿಕೊಳ್ಳಬಹುದು. ಪಕ್ಕದವರ ಡಬ್ಬಿಯಿಂದ ಬಿಸಿಬೇಳೆಭಾತ್ ಒಂದು ತುತ್ತು ನಮ್ಮ ಬಾಯಿಗೂ ಬರುತ್ತದೆ. ಹಂಚಿ ತಿನ್ನುವ ಆ ಹದಿನೈದು ನಿಮಿಷದಲ್ಲಿ ಬೆಳೆಯುವ ಸ್ನೇಹ ಹಬ್ಬದ ದಿನ ಕಳಿಸುವ ಸಿಹಿಗಿಂತ ಗಟ್ಟಿ.

ನಿಂಬೆ ಎಂದು ಪದೇ ಪದೇ ಹೇಳುತ್ತಿರುವುದು ರುಚಿಗಷ್ಟೇ ಅಲ್ಲ. ಕಾಳು, ಸೊಪ್ಪು, ಬೇಳೆಯಲ್ಲಿರುವ ಕಬ್ಬಿಣಾಂಶ ಸುಲಭವಾಗಿ ದೇಹಕ್ಕೆ ಹಿಡಿಯುವುದಿಲ್ಲ. ಸಿ ಜೀವಸತ್ವ ಜೊತೆಗಿದ್ದರೆ ಹಿಡಿಯುತ್ತದೆ. ನಿಂಬೆ, ನೆಲ್ಲಿಕಾಯಿ, ಟೊಮೆಟೊ ಯಾವುದಾದರೂ ಆದೀತು. ಎಲ್ಲಕ್ಕಿಂತ ಅಗ್ಗದ ಉಪಾಯ ಒಂದು ಸೀಬೆಹಣ್ಣು, ಕರಾವಳಿಯವರು ಪೇರಳೆ ಅನ್ನುತ್ತಾರಲ್ಲ ಅದೇ. ಕಿತ್ತಳೆಗಿಂತ ಅದರಲ್ಲಿ ಸಿ ಜೀವಸತ್ವ ಬಹಳ ಹೆಚ್ಚು. ಇದಕ್ಕೆ ಸರಿಯಾದ ಶತ್ರು ಊಟ ಮುಗಿದ ಕೂಡಲೇ ಕುಡಿಯುವ ಚಹಾ. ಚಹಾದ ಒಗರು ಕಬ್ಬಿಣಾಂಶವನ್ನು ಕಟ್ಟಿಹಾಕುತ್ತದೆ. ಚಹಾ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ. ಊಟವಾಗಿ ಒಂದು ಗಂಟೆ ಕಳೆದ ಮೇಲೆ ಕುಡಿಯಿರಿ, ಸಾಕು.

ರಾಗಿಯ ವಿಷಯಕ್ಕೆ ಬಂದರೆ, ಮುದ್ದೆ ಡಬ್ಬಿಗೆ ಆಗುವುದಿಲ್ಲ, ರೊಟ್ಟಿ ಮಧ್ಯಾಹ್ನದ ಹೊತ್ತಿಗೆ ಹಪ್ಪಳವಾಗುತ್ತದೆ ಎಂಬ ದೂರು ಇದ್ದೇ ಇದೆ. ಹಿಟ್ಟನ್ನು ಕುದಿಯುವ ನೀರಿನಲ್ಲಿ ಕಲಸಿ, ತುರಿದ ಕ್ಯಾರೆಟ್, ಸಬ್ಬಸಿಗೆ ಸೊಪ್ಪು, ಈರುಳ್ಳಿ, ಎರಡು ಚಮಚ ಮೊಸರು ಸೇರಿಸಿ ಸ್ವಲ್ಪ ದಪ್ಪಗೆ ತಟ್ಟಿ, ಬಿಸಿಯಿರುವಾಗಲೇ ತೆಳು ಬಟ್ಟೆಯಲ್ಲಿ ಸುತ್ತಿಟ್ಟರೆ ಮೆತ್ತಗೇ ಇರುತ್ತದೆ. ಇಲ್ಲವಾದರೆ ದೋಸೆಹಿಟ್ಟಿಗೆ ಅರ್ಧದಷ್ಟು ರಾಗಿಹಿಟ್ಟು ಬೆರೆಸಿ ದೋಸೆ ಮಾಡಿ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಸುಣ್ಣದಂಶವಿದೆ. ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು ಮಾತ್ರ. ನಲವತ್ತು ದಾಟಿ ಮಂಡಿನೋವು ಶುರುವಾದವರು ಗಮನಿಸಿ.

ಏನೂ ಮಾಡಲಾಗದ ದಿನಗಳೂ ಇರುತ್ತವೆ. ಮಗುವಿಗೆ ಜ್ವರ, ರಾತ್ರಿ ನಿದ್ರೆಯಿಲ್ಲ. ಅಂಥ ದಿನ ಮೊಟ್ಟೆ. ಎರಡು ಮೊಟ್ಟೆ ಬೇಯಿಸಿ ಸಿಪ್ಪೆ ಸಮೇತ ಡಬ್ಬಿಗೆ ಹಾಕಿ, ಅಲ್ಲೇ ಸುಲಿದು ತಿನ್ನಿ. ಸಿಪ್ಪೆಯೊಳಗೆ ಅದು ಶುಚಿಯಾಗಿರುತ್ತದೆ, ವಾಸನೆಯೂ ಹರಡುವುದಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಹಿಡಿ ಕಡಲೆಬೀಜದಲ್ಲಿ 7 ಗ್ರಾಂನಷ್ಟು ಪ್ರೋಟೀನ್ ಇದೆ. ನಮಗೆ ದಿನಕ್ಕೆ ಬೇಕಾದದ್ದು 46 ಗ್ರಾಂ ಹತ್ತಿರ. ಜೊತೆಗೆ ಮೊಸರನ್ನ ಇರಲಿ. ಅದು ಹುಳಿಯಾಗದಂತೆ ಮಾಡಲು ಅನ್ನವನ್ನು ಕಾಯಿಸಿ ಆರಿಸಿದ ಹಾಲಿನಲ್ಲಿ ಕಲಸಿ ಒಂದೇ ಚಮಚ ಮೊಸರು ಹಾಕಿ. ಚೀಲದಲ್ಲಿರುವಾಗಲೇ ಹೆಪ್ಪಾಗಿ ಮಧ್ಯಾಹ್ನಕ್ಕೆ ಹದವಾಗಿರುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣ ಉಳಿದಿದೆ. ಅದರಲ್ಲಿ ದಿನಕ್ಕೊಂದು ಮೊಟ್ಟೆಯ ದುಡ್ಡನ್ನು ನಿಮ್ಮ ಹೆಸರಿಗೆ ತೆಗೆದಿಡುವುದು ದುಂದುವೆಚ್ಚವಲ್ಲ. ಡಬ್ಬಿಯೇ ಇಲ್ಲದೆ ಹೊರಟ ದಿನ ಹತ್ತಿರದಲ್ಲಿ ಇಂದಿರಾ ಕ್ಯಾಂಟೀನ್ ಇದ್ದರೆ ಹೋಗಿ. 2017ರ ಆಗಸ್ಟ್‌ನಲ್ಲಿ 10 ರೂಪಾಯಿಗೆ ಮಧ್ಯಾಹ್ನದೂಟ ಕೊಡಲು ಆರಂಭಿಸಿದ ಕ್ಯಾಂಟೀನ್ ಅದು. ಸಸ್ಯಾಹಾರವಾದ್ದರಿಂದ ಹಲಾಲೋ ಅಲ್ಲವೋ ಎಂಬ ಚಿಂತೆಯೂ ಇಲ್ಲ.

ಹಳಸುವ ವಿಷಯವನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಬಿಸಿ ಅನ್ನವನ್ನು ಹಾಗೆಯೇ ತುಂಬಿ ಮುಚ್ಚಳ ಬಿಗಿದರೆ ಹಬೆ ನೀರಾಗಿ ಇಳಿದು ಊಟ ಬೇಗ ಕೆಡುತ್ತದೆ. ಸಾಮಾನ್ಯ ಸ್ಟೀಲ್ ಡಬ್ಬಿಯಾದರೆ ತಟ್ಟೆಯಲ್ಲಿ ಹರಡಿ ಹತ್ತು ನಿಮಿಷ ಆರಿಸಿ ತುಂಬಿ. ಬಿಸಿ ಹಿಡಿದಿಡುವ ಡಬ್ಬಿಯಾದರೆ ಮೊದಲು ಅದಕ್ಕೆ ಕುದಿನೀರು ಹಾಕಿ ಚೆಲ್ಲಿ, ಹೊಗೆಯಾಡುವ ಊಟವನ್ನೇ ತುಂಬಿ. ಉಗುರುಬೆಚ್ಚಗಿನ ಸ್ಥಿತಿಯೇ ಅಪಾಯದ್ದು. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಭಾನುವಾರದ ಬಿರಿಯಾನಿ ಬಗ್ಗೆ. ರಾತ್ರಿಯಿಡೀ ದೇಗಿನಲ್ಲಿ ಒಲೆಯ ಮೇಲೆಯೇ ಬಿಟ್ಟು, ಸೋಮವಾರ ಬೆಳಿಗ್ಗೆ ಬಿಸಿ ಮಾಡಿ ಡಬ್ಬಿಗೆ ತುಂಬುವ ರೂಢಿ ಹಲವು ಮನೆಗಳಲ್ಲಿದೆ. ಹೊರಗಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಊಟ ಮುಗಿದು ಒಂದೆರಡು ಗಂಟೆಯೊಳಗೆ ಬಿರಿಯಾನಿಯನ್ನು ಅಗಲ ಪಾತ್ರೆಗೆ ಹಾಕಿ ಫ್ರಿಜ್ಜಿಗೆ ಸೇರಿಸಿ. ಮರುದಿನ ಒಮ್ಮೆ ಮಾತ್ರ, ಚೆನ್ನಾಗಿ ಹಬೆಯಾಡುವಂತೆ ಬಿಸಿ ಮಾಡಿ ಬಿಸಿಯಾಗಿಯೇ ಒಯ್ಯಿರಿ. ಫ್ರಿಜ್ಜಿಲ್ಲದವರು ರಾತ್ರಿಯೇ ನೆರೆಮನೆಗೆ ಕೊಟ್ಟುಬಿಡಿ.

ಮುಂಬಯಿಯಲ್ಲಿ 1890ರಿಂದ ಡಬ್ಬಾವಾಲಾಗಳಿದ್ದಾರೆ. ಹೆಂಡತಿ ಮಾಡಿದ ಅಡುಗೆಯನ್ನು ಗಂಡನ ಆಫೀಸಿಗೆ ತಲುಪಿಸುವುದರಲ್ಲಿ ಹೆಸರಾದವರು. ಹೆಂಡತಿಯೇ ಆಫೀಸಿಗೆ ಹೋದರೆ? ಆ ಏರ್ಪಾಡನ್ನು ಮನೆಯವರೇ ಮಾಡಿಕೊಳ್ಳಬೇಕು. ರಾತ್ರಿ ಊಟವಾದ ಮೇಲೆ ಯಜಮಾನರೋ ಬೆಳೆದ ಮಗನೋ ಕುಳಿತು ಈರುಳ್ಳಿ ಹೆಚ್ಚಿ, ಸೊಪ್ಪು ಬಿಡಿಸಿ ಡಬ್ಬಿಗೆ ಹಾಕಿಟ್ಟರೆ ಬೆಳಗಿನ ಕೆಲಸದಲ್ಲಿ ಕಾಲು ಗಂಟೆ ಮಿಗುತ್ತದೆ. ಟಿ.ವಿ. ನೋಡುತ್ತಲೇ ಮಾಡಬಹುದಾದ ಕೆಲಸ ಅದು. ಬೆಳಿಗ್ಗೆ ತುಂಬುವಾಗ ಎಲ್ಲ ಡಬ್ಬಿಗಳನ್ನೂ ಸಾಲಾಗಿ ತೆರೆದಿಟ್ಟು, ಒಂದೊಂದು ಸೌಟಿನಂತೆ ಎಲ್ಲಕ್ಕೂ ಹಂಚುತ್ತಾ ಬನ್ನಿ. ಒಂದನ್ನು ತುಂಬಿ ಮುಗಿಸಿ ಮತ್ತೊಂದಕ್ಕೆ ಹೋಗಬೇಡಿ. ಆಗ ಪಾತ್ರೆಯ ತಳ ಯಾರೊಬ್ಬರ ಪಾಲಿಗೂ ಬರುವುದಿಲ್ಲ. ಕಡಿಮೆ ಬಿತ್ತೆಂದರೆ ಎಲ್ಲರಿಗೂ ಅರ್ಧ ಸೌಟು ಕಡಿಮೆ, ನಾಳೆ ಅಕ್ಕಿ ಒಂದು ಹಿಡಿ ಜಾಸ್ತಿ ಹಾಕಿದರಾಯಿತು.