ನಿವೇಶನ ಹೆಚ್ಚಿದರೆ ಮನೆ ಹೆಚ್ಚಿದಂತಲ್ಲ: ಚಿಕ್ಕಬಳ್ಳಾಪುರ ಜಿಲ್ಲೆಯ ನಾಲ್ಕು ಪಟ್ಟಣಗಳ ವಸತಿ ಲೆಕ್ಕ

ಚಿಕ್ಕಬಳ್ಳಾಪುರ: ದೇವನಹಳ್ಳಿ ದಾಟಿ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಚಿಕ್ಕಬಳ್ಳಾಪುರದತ್ತ ಬರುವವರಿಗೆ ನಂದಿ ಬೆಟ್ಟಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಲೇಔಟ್ ಫಲಕಗಳು. ದ್ರಾಕ್ಷಿ ತೋಟವಿದ್ದ ಕಡೆ ಗಡಿಕಲ್ಲುಗಳು, ಕಮಾನು, ಡಾಂಬರು ಕಂಡ ಎರಡು ರಸ್ತೆ. ಮನೆಗಳು ಮಾತ್ರ ಅಲ್ಲೊಂದು ಇಲ್ಲೊಂದು. ಅದೇ ಹೊತ್ತಿಗೆ ಪಟ್ಟಣದ ಒಳಗೆ ಎರಡು ಕೋಣೆಯ ಬಾಡಿಗೆ ಮನೆಗಾಗಿ ನರ್ಸುಗಳು, ಶಿಕ್ಷಕರು, ಕಾರ್ಖಾನೆ ನೌಕರರು ಬೀದಿ ಬೀದಿ ಅಲೆಯುತ್ತಾರೆ. ಊರಿನ ಹೊರಗೆ ಜನರಿಲ್ಲದ ನಿವೇಶನ, ಊರಿನೊಳಗೆ ಮನೆಯಿಲ್ಲದ ಜನ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಪಟ್ಟಣಗಳ ವಸತಿ ಸಮಸ್ಯೆಯನ್ನು ಇಲ್ಲಿಂದಲೇ ನೋಡಬೇಕು.

ಇವುಗಳ ಬಗ್ಗೆ ಕೈಯಲ್ಲಿರುವ ಅಧಿಕೃತ ಜನಗಣತಿ ಅಂಕಿ ಇಂದಿಗೂ 2011ರದ್ದೇ. ಕೋಲಾರದಿಂದ ಬೇರೆಯಾಗಿ 2007ರಲ್ಲಿ ರಚನೆಯಾದ ಜಿಲ್ಲೆಯಲ್ಲಿ ಆಗ ಸುಮಾರು 12.55 ಲಕ್ಷ ಜನರಿದ್ದರು. ಪಟ್ಟಣಗಳ ಪೈಕಿ ದೊಡ್ಡದು ಜಿಲ್ಲಾ ಕೇಂದ್ರವಲ್ಲ, ಸುಮಾರು 76 ಸಾವಿರ ಜನರ ಚಿಂತಾಮಣಿ. ಚಿಕ್ಕಬಳ್ಳಾಪುರದಲ್ಲಿ ಸುಮಾರು 64 ಸಾವಿರ, ಶಿಡ್ಲಘಟ್ಟದಲ್ಲಿ 51 ಸಾವಿರ, ಗೌರಿಬಿದನೂರಿನಲ್ಲಿ 38 ಸಾವಿರ. 2001ರಿಂದ 2011ರ ನಡುವೆ ಇಡೀ ಜಿಲ್ಲೆ ಬೆಳೆದದ್ದು ಶೇ. 9ರ ಆಸುಪಾಸು ಮಾತ್ರ. ಆದರೆ ಶಿಡ್ಲಘಟ್ಟ ಮತ್ತು ಗೌರಿಬಿದನೂರು ಪಟ್ಟಣಗಳು ಹತ್ತಿರಹತ್ತಿರ ಕಾಲು ಭಾಗದಷ್ಟು ಹಿಗ್ಗಿದವು. 2021ರಲ್ಲಿ ಆಗಬೇಕಿದ್ದ ಜನಗಣತಿ ಕೋವಿಡ್‌ನಿಂದ ಮುಂದೆ ಹೋಯಿತು. ದೇವನಹಳ್ಳಿ ವಿಮಾನ ನಿಲ್ದಾಣ 2008ರಲ್ಲಿ ಆರಂಭವಾದ ಮೇಲೆ ಈ ಭಾಗದಲ್ಲಿ ಆದ ಬದಲಾವಣೆಯ ಬಹುಪಾಲು ಯಾವ ಗಣತಿಗೂ ಸಿಕ್ಕಿಲ್ಲ.

ಯೋಜನೆ ಮಾಡುವವರು ಸಾಮಾನ್ಯವಾಗಿ ಹಿಂದಿನ ದಶಕಗಳ ಬೆಳವಣಿಗೆ ದರ ಹಿಡಿದು ಮುಂದಿನ ಇಪ್ಪತ್ತು ವರ್ಷದ ಜನಸಂಖ್ಯೆ ಊಹಿಸುತ್ತಾರೆ, ಅದಕ್ಕೆ ತಕ್ಕಂತೆ ನಕ್ಷೆಯಲ್ಲಿ ವಸತಿ ವಲಯದ ಬಣ್ಣ ಬಳಿಯುತ್ತಾರೆ. ಈ ಲೆಕ್ಕದಲ್ಲಿ ಒಂದು ದೊಡ್ಡ ಲೋಪವಿದೆ. ಮನೆ ಬೇಕಾಗಿರುವುದು ತಲೆಗಳಿಗಲ್ಲ, ಕುಟುಂಬಗಳಿಗೆ. ಚಿಂತಾಮಣಿಯ 76 ಸಾವಿರ ಜನರನ್ನೇ ತೆಗೆದುಕೊಳ್ಳಿ. ಮನೆಗೆ ಸರಾಸರಿ ನಾಲ್ಕೂವರೆ ಜನ ಎಂದರೆ ಸುಮಾರು 17 ಸಾವಿರ ಮನೆ ಸಾಕು. ಅಷ್ಟೇ ಜನ ಮನೆಗೆ 3.8ರಂತೆ ವಾಸಿಸತೊಡಗಿದರೆ 20 ಸಾವಿರ ಮನೆ ಬೇಕು. ಊರಿಗೆ ಒಬ್ಬ ಹೊಸಬರೂ ಬರದೆ ಮೂರು ಸಾವಿರ ಮನೆಯ ಬೇಡಿಕೆ ಹುಟ್ಟಿತು. ಇದು ಉದಾಹರಣೆಯ ಲೆಕ್ಕವಾದರೂ ದಿಕ್ಕು ಇದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು 1.7. ಅಂದರೆ ಶಾಲೆಗೆ ಹೋಗುವ ಮಕ್ಕಳು ಕಡಿಮೆಯಾಗುತ್ತಾರೆ, ಒಂಟಿಯಾಗಿ ಅಥವಾ ಇಬ್ಬರೇ ಇರುವ ಹಿರಿಯರ ಮನೆಗಳು ಹೆಚ್ಚುತ್ತವೆ.

ಇದನ್ನು ಜೈನ ಕುಟುಂಬಗಳಿಗೆ ವಿವರಿಸಿ ಹೇಳಬೇಕಿಲ್ಲ. ಅದೇ ಸಮೀಕ್ಷೆಯಲ್ಲಿ ದೇಶದ ಧಾರ್ಮಿಕ ಸಮುದಾಯಗಳ ಪೈಕಿ ಸಣ್ಣ ಕುಟುಂಬದ ಸಾಲಿನಲ್ಲಿ ಜೈನರೂ ಇದ್ದಾರೆ. ಸರಾಸರಿ ಮಕ್ಕಳ ಸಂಖ್ಯೆ 1.6. ಕೆಳಗೆ ಅಂಗಡಿ, ಮೇಲೆ ಮನೆ, ನಾಲ್ಕು ಹೆಜ್ಜೆಗೆ ಜಿನಮಂದಿರ ಎಂಬ ಪೇಟೆಯ ಬದುಕು ಸಣ್ಣ ಊರುಗಳಲ್ಲಿ ಸಡಿಲಗೊಳ್ಳುತ್ತಿದೆ. ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲೋ ವಿದೇಶದಲ್ಲೋ. ತಂದೆ ತಾಯಿ ಕಡಿದಾದ ಮೆಟ್ಟಿಲಿನ ಹಳೆಯ ಮನೆಯಲ್ಲಿ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ, ಬೆಳಿಗ್ಗೆ ದರ್ಶನ ಮಾಡದೆ ಬಾಯಿಗೆ ನೀರು ಹಾಕದ ಹಿರಿಯರಿಗೆ ಹೆದ್ದಾರಿ ಬದಿಯ ಲೇಔಟಿನಲ್ಲಿ ಎಷ್ಟು ದೊಡ್ಡ ಮನೆ ಕಟ್ಟಿಕೊಟ್ಟರೂ ಅದು ಉಪಯೋಗಕ್ಕೆ ಬಾರದು. ಅವರಿಗೆ ಬೇಕಾದದ್ದು ಪೇಟೆಯೊಳಗೇ, ನೆಲಮಹಡಿಯಲ್ಲಿ, ಎರಡು ಕೋಣೆಯ ಮನೆ. ಅಂಥ ಮನೆಯನ್ನು ಇವತ್ತು ಯಾರೂ ಕಟ್ಟುತ್ತಿಲ್ಲ.

ಹಾಗೆಂದು ನಾಲ್ಕೂ ಊರುಗಳಿಗೆ ಒಂದೇ ಅಳತೆ ಹೊಂದುವುದಿಲ್ಲ. ಶಿಡ್ಲಘಟ್ಟದ ಮನೆ ಎಂದರೆ ಬಹಳ ಸಲ ಮನೆಯೂ ಹೌದು, ಕೆಲಸದ ಜಾಗವೂ ಹೌದು. ರಾಜ್ಯದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಒಂದು ಇಲ್ಲಿದೆ. ಗೂಡು ಬೇಯಿಸಿ ನೂಲು ತೆಗೆಯುವ ರೀಲರ್‌ಗಳ ಚಿಕ್ಕ ಘಟಕಗಳು ವಾಸದ ಓಣಿಗಳಲ್ಲೇ ನಡೆಯುತ್ತವೆ. ಹೊಗೆ, ಬಿಸಿನೀರು, ಗೂಡಿನ ತ್ಯಾಜ್ಯದ ವಾಸನೆ, ಮಗ್ಗುಲಲ್ಲೇ ಮಲಗಿದ ಮಗು. (ರೇಷ್ಮೆಯ ವಿಷಯದಲ್ಲಿ ಅಹಿಂಸಾ ದೃಷ್ಟಿಯಿಂದ ಜೈನರ ನಿಲುವು ಬೇರೆ, ಆದರೆ ಆ ದುಡಿಯುವ ಕುಟುಂಬಗಳ ವಸತಿಯ ಪ್ರಶ್ನೆ ಅದರಿಂದ ಸಣ್ಣದಾಗುವುದಿಲ್ಲ.) ಇವರನ್ನು ಊರ ಹೊರಗಿನ ಸಾಲುಮನೆಗೆ ಕಳಿಸಿದರೆ ಕಸುಬು ಹಿಂದೆ ಉಳಿಯುತ್ತದೆ. ಘಟಕಕ್ಕೆ ಬೇರೆ ಶೆಡ್, ಅದರ ಹತ್ತಿರವೇ ಮನೆ ಎಂದು ಜೋಡಿಸಿ ಯೋಜಿಸಿದರೆ ಮಾತ್ರ ಅವರು ಹೋಗುತ್ತಾರೆ.

ಗೌರಿಬಿದನೂರಿನ ಮಾತು ಇನ್ನೊಂದು. ಅದು ಬೆಂಗಳೂರು–ಹಿಂದೂಪುರ–ಧರ್ಮಾವರಂ ರೈಲು ಮಾರ್ಗದ ಮೇಲಿದೆ, ಆಂಧ್ರ ಗಡಿಗೆ ಅಂಟಿಕೊಂಡಿದೆ, ಕುಡುಮಲಕುಂಟೆ ಕೈಗಾರಿಕಾ ಪ್ರದೇಶ ಪಕ್ಕದಲ್ಲಿದೆ. ಹೊರಗಿನಿಂದ ದುಡಿಯಲು ಬರುವವರಿಗೆ ಸ್ವಂತ ನಿವೇಶನ ಬೇಡ, ನಾಲ್ಕೈದು ವರ್ಷಕ್ಕೆ ಒಂದು ಬಾಡಿಗೆ ಮನೆ ಬೇಕು. ನಮ್ಮ ವಸತಿ ಯೋಜನೆಗಳೆಲ್ಲ ಹಕ್ಕುಪತ್ರದ ಸುತ್ತಲೇ ತಿರುಗುವುದರಿಂದ ಬಾಡಿಗೆದಾರ ಎಂಬ ಮನುಷ್ಯ ಕಡತದಲ್ಲೇ ಕಾಣಿಸುವುದಿಲ್ಲ. ಚಿಂತಾಮಣಿ ಹಳೆಯ ವ್ಯಾಪಾರದ ಊರು. ಅಲ್ಲಿ ಇಕ್ಕಟ್ಟಾದ ಪೇಟೆ ಬೀದಿಗಳ ಪುನರ್ನಿರ್ಮಾಣವೇ ಮುಖ್ಯ ಪ್ರಶ್ನೆ. ಜಿಲ್ಲಾ ಕೇಂದ್ರಕ್ಕೆ ಕಚೇರಿಗಳು, ಕಾಲೇಜುಗಳು, ಬೆಂಗಳೂರಿಗೆ ನಿತ್ಯ ಓಡಾಡುವವರು, ವಾರಾಂತ್ಯದಲ್ಲಿ ನಂದಿಗೂ 2023ರಿಂದ ಆದಿಯೋಗಿ ಪ್ರತಿಮೆಗೂ ಬರುವ ಜನಸಾಗರ ಎಲ್ಲವೂ ಸೇರಿವೆ.

ಹಾಗಾದರೆ ಇಷ್ಟು ನಿವೇಶನಗಳನ್ನು ಕೊಳ್ಳುವವರು ಯಾರು? ಬಹುಮಟ್ಟಿಗೆ ಇಲ್ಲಿ ವಾಸಿಸಲು ಬರದವರು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಯಿತು. ಹೆಸರಿನಲ್ಲಿ ‘ಬೆಂಗಳೂರು’ ಬಂದರೆ ಬೆಲೆ ಏರುತ್ತದೆ ಎಂಬ ನಂಬಿಕೆ ಬೇರೆ. 2025ರಲ್ಲಿ ರಾಮನಗರ ಬೆಂಗಳೂರು ದಕ್ಷಿಣವಾಯಿತು. ಜುಲೈ 2ರಂದು ನಂದಿ ಬೆಟ್ಟದಲ್ಲೇ ನಡೆದ ಸಚಿವ ಸಂಪುಟ ಸಭೆ ಬೆಂಗಳೂರು ಗ್ರಾಮಾಂತರವನ್ನು ಬೆಂಗಳೂರು ಉತ್ತರ ಎಂದು ಕರೆಯಲು ನಿರ್ಧರಿಸಿತು. ಗಂಗರಸರು ತಮ್ಮನ್ನು ‘ನಂದಗಿರಿನಾಥ’ ಎಂದು ಕರೆದುಕೊಂಡ ನೆಲ ಇದು. ಈಗ ಆ ಬೆಟ್ಟದ ಹೆಸರು ಜಾಹೀರಾತಿನಲ್ಲಿ ‘ನಂದಿ ವ್ಯೂ’ ಆಗಿದೆ.

ಉಳಿತಾಯದ ಹಣ ಹಾಕುವವರು ಇಲ್ಲಿ ಎಚ್ಚರ ವಹಿಸಬೇಕು. ಭೂಪರಿವರ್ತನೆಯಾಗದೆ, ಯೋಜನಾ ಪ್ರಾಧಿಕಾರದ ಅನುಮೋದನೆ ಇಲ್ಲದೆ ಮಾರಾಟವಾದ ‘ರೆವಿನ್ಯೂ ಸೈಟ್’ಗಳು ಎಲ್ಲ ಊರಲ್ಲೂ ಇವೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಇಂಥ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನ ಆರಂಭಿಸಿತು. ಅದರಿಂದ ಆಸ್ತಿ ತೆರಿಗೆಯ ಪುಸ್ತಕಕ್ಕೆ ಬರುತ್ತದೆ, ನಿಜ. ಆದರೆ ಬಿ-ಖಾತಾ ಸಿಕ್ಕಿದ ಮಾತ್ರಕ್ಕೆ ಅಲ್ಲಿ ಚರಂಡಿ, ಉದ್ಯಾನ, ಕುಡಿಯುವ ನೀರು ಹುಟ್ಟಿಕೊಳ್ಳುವುದಿಲ್ಲ.

ನೀರಿನ ವಿಷಯವೇ ನಿಜಕ್ಕೂ ಇಡೀ ಚರ್ಚೆಯ ಗಂಟು. ನಂದಿ ಬೆಟ್ಟಗಳ ಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಹುಟ್ಟುತ್ತವೆ, ಆದರೂ ಜಿಲ್ಲೆಗೆ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಚಿಕ್ಕಬಳ್ಳಾಪುರ ನಗರ ಜಕ್ಕಲಮಡಗು ಜಲಾಶಯವನ್ನು ದೊಡ್ಡಬಳ್ಳಾಪುರದೊಂದಿಗೆ ಹಂಚಿಕೊಂಡಿದೆ. ಉಳಿದೆಡೆ ಕೊಳವೆಬಾವಿಗಳ ಅವಲಂಬನೆ ದೊಡ್ಡದು. ಅಂತರ್ಜಲ ಅತಿಬಳಕೆಯಾದ ಪ್ರದೇಶಗಳ ಸರ್ಕಾರಿ ಪಟ್ಟಿಯಲ್ಲಿ ಇಲ್ಲಿನ ತಾಲ್ಲೂಕುಗಳು ವರ್ಷಗಳಿಂದ ಇವೆ. ಆಳಕ್ಕಿಳಿದಂತೆ ಫ್ಲೋರೈಡ್ ಕಾಟ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿತ ಕೊಳಚೆ ನೀರು ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಕೆರೆಗಳಿಗೆ ಬಂದಿತು, ಅಂತರ್ಜಲಕ್ಕೆ ನೆರವಾಯಿತು. ಅದು ಎರಡು ಹಂತದ ಶುದ್ಧೀಕರಣ ಮಾತ್ರ ಕಂಡ ನೀರು; ಮೂರನೇ ಹಂತವೂ ಆಗಲಿ ಎಂದು ರೈತ ಸಂಘಟನೆಗಳು ಕೇಳುತ್ತಲೇ ಇವೆ. ಕುಡಿಯುವ ನೀರಿಗೆ ಕಾಯುತ್ತಿರುವುದು ಎತ್ತಿನಹೊಳೆಗೆ. 2014ರಲ್ಲಿ ಶಂಕುಸ್ಥಾಪನೆಯಾದ ಆ ಯೋಜನೆಯ ಅಂದಾಜು ವೆಚ್ಚ ಸುಮಾರು 12,900 ಕೋಟಿಯಿಂದ 23,251 ಕೋಟಿ ರೂಪಾಯಿಗೆ ಏರಿತು. ಮೊದಲ ಹಂತದ ಪಂಪುಗಳು 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಕಡೆ ಚಾಲೂ ಆದವು. ಸಕಲೇಶಪುರದಿಂದ ಶಿಡ್ಲಘಟ್ಟದ ನಲ್ಲಿಯವರೆಗೆ ದಾರಿ ಬಲು ಉದ್ದ.

ಹೀಗಿರುವಾಗ ಲೇಔಟಿಗೆ ಅನುಮೋದನೆ ಕೊಡುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ರಸ್ತೆಯ ಅಗಲವಲ್ಲ, ಇಲ್ಲಿ ಎಲ್ಲ ಮನೆ ಕಟ್ಟಿದ ದಿನ ನೀರು ಎಲ್ಲಿಂದ ಎಂಬುದು. ಪೇಟೆಯೊಳಗಿನ ಹಳೆಯ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಮೂರು ಸಣ್ಣ ಮನೆ ಕಟ್ಟಿದರೆ ಕೊಳವೆ ಮಾರ್ಗ, ಚರಂಡಿ, ಬಸ್ಸು, ಆಸ್ಪತ್ರೆ ಎಲ್ಲವೂ ಹತ್ತಿರದಲ್ಲೇ ಇರುತ್ತವೆ. ಐದು ಕಿ.ಮೀ. ಆಚೆ ಹೊಸ ಬಡಾವಣೆ ಮಾಡಿದರೆ ಎಲ್ಲವನ್ನೂ ಹೊಸದಾಗಿ ಎಳೆಯಬೇಕು, ಆ ಖರ್ಚು ನಗರಸಭೆಯ ತಲೆಗೆ. ಆದರೂ ಅನುಮತಿಯ ನಿಯಮಗಳು ಖಾಲಿ ಹೊಲಕ್ಕೆ ಸಲೀಸು, ಇಕ್ಕಟ್ಟಾದ ಪೇಟೆಗೆ ಕಠಿಣ. ಪಾಲಾದ ಹಳೆಯ ಮನೆಗೆ ನಾಲ್ವರು ವಾರಸುದಾರರ ಸಹಿ ಒಟ್ಟುಮಾಡುವುದು ಅದಕ್ಕಿಂತ ಕಠಿಣ.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ಕರಡು ಪ್ರಕಟವಾದಾಗ ಸಾರ್ವಜನಿಕರು ಆಕ್ಷೇಪಣೆ, ಸಲಹೆ ಕೊಡಬಹುದು. ಕೊಡುವವರಲ್ಲಿ ಹೆಚ್ಚಿನವರು ತಮ್ಮ ಸರ್ವೆ ನಂಬರಿನ ಬಣ್ಣ ಬದಲಿಸಿಕೊಳ್ಳಲು ಬಂದವರು. ಬಾಡಿಗೆ ಮನೆ, ಹಿರಿಯರ ಮನೆಯ ಬಗ್ಗೆ ಬರೆದುಕೊಟ್ಟವರು ವಿರಳ.

ಈ ಬಾರಿ ಒಂದು ಅವಕಾಶವಿದೆ. 2027ರ ಮಾರ್ಚ್ 1 ಜನಗಣತಿಯ ಗಣನಾ ದಿನ. ಅದಕ್ಕೂ ಮುಂಚಿನ ಮನೆಪಟ್ಟಿ ಹಂತಕ್ಕೆ ದೇಶಾದ್ಯಂತ ಗೊತ್ತುಮಾಡಿರುವ ಅವಧಿ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್. ಕೋಣೆಗಳೆಷ್ಟು, ಸ್ವಂತದ್ದೋ ಬಾಡಿಗೆಯೋ, ಒಂದೇ ಮನೆಯಲ್ಲಿ ವಿವಾಹಿತ ದಂಪತಿಗಳೆಷ್ಟು, ಕುಡಿಯುವ ನೀರು ಎಲ್ಲಿಂದ ಎಂಬವು ಮನೆಪಟ್ಟಿಯ ಪ್ರಶ್ನೆಗಳು. ಒಂದೇ ಅಡುಗೆಮನೆ ಇದ್ದರೆ ಒಂದು ಕುಟುಂಬ, ಒಲೆ ಬೇರೆಯಾದರೆ ಎರಡು. ಮನೆತನದ ಗೌರವಕ್ಕೆಂದು ಬೇರೆಯಾದ ಒಲೆಯನ್ನು ಒಂದೇ ಎಂದು ಬರೆಸಿದರೆ ಊರಿನ ಲೆಕ್ಕದಲ್ಲಿ ಒಂದು ಮನೆಯ ಬೇಡಿಕೆ ಕಾಣೆಯಾಗುತ್ತದೆ. ಬೀಗ ಹಾಕಿದ ಮನೆಯೂ ‘ಖಾಲಿ’ ಎಂದು ದಾಖಲಾದರೆ ಮಾತ್ರ ಪೇಟೆಯೊಳಗೆ ಎಷ್ಟು ಸೂರು ಬಳಕೆಯಾಗದೆ ಬಿದ್ದಿದೆ ಎಂಬುದು ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ನೆಲೆಸಿ ಊರಿನ ಮನೆಯ ಕೀಲಿ ಪಕ್ಕದ ಮನೆಯವರಿಗೆ ಕೊಟ್ಟು ಬಂದಿರುವ ಕುಟುಂಬಗಳು ಗಣತಿದಾರರು ಬರುವ ದಿನ ಆ ನೆರೆಯವರಿಗೆ ಒಂದು ಫೋನ್ ಮಾಡಿ, ಮನೆ ಖಾಲಿಯಿದೆ ಎಂದೇ ಬರೆಸಲು ಹೇಳಬೇಕು.