ಕಾಡು ತೋರಿಸುವವರ ಕೈಯಲ್ಲೇ ಕಾಡು ಇರಲಿ

ಪ್ರವಾಸೋದ್ಯಮವೆಂದರೆ ಮೂಗು ಮುರಿಯುವುದು ಪರಿಸರಾಸಕ್ತರಲ್ಲಿ ವಾಡಿಕೆಯಾಗಿದೆ. ಅದಕ್ಕೆ ಕಾರಣಗಳೂ ಇವೆ. ಗುಡ್ಡದ ನೆತ್ತಿ ಸವರಿ ಎದ್ದ ರೆಸಾರ್ಟುಗಳನ್ನು, ಹೊಳೆದಂಡೆಯಲ್ಲಿ ಒಡೆದು ಬಿದ್ದ ಬಾಟಲಿಗಳನ್ನು, ಸಂಜೆಯ ಮನರಂಜನೆಗೆಂದು ಕುಣಿಯಬೇಕಾದ ಗಿರಿಜನರನ್ನು ಕಂಡವರಿಗೆ ಬೇರೆ ಭಾವನೆ ಹುಟ್ಟುವುದಾದರೂ ಹೇಗೆ? ಆದರೆ ಕಾಡಿನ ಸಂಸ್ಕೃತಿಯನ್ನು ಹೊರಗಿನವರೊಡನೆ ಹಂಚಿಕೊಳ್ಳುವುದೇ ತಪ್ಪೆಂದು ತೀರ್ಮಾನಿಸುವ ಮುನ್ನ, ಹಂಚಿಕೆಯ ಷರತ್ತುಗಳನ್ನು ಗೊತ್ತುಮಾಡುವವರು ಯಾರು ಎಂದು ಕೇಳಬೇಕಾಗುತ್ತದೆ. ತೈವಾನ್ ದ್ವೀಪದ ಬುನುನ್ ಜನಾಂಗದ ಅನುಭವ ಈ ದೃಷ್ಟಿಯಿಂದ ಮಲೆನಾಡಿಗರಿಗೆ ಬೆಲೆಯುಳ್ಳದ್ದು.

ಸುಮಾರು 60,000 ಜನಸಂಖ್ಯೆಯ ಬುನುನರು ತೈವಾನಿನ ನಡುವಣ ಉನ್ನತ ಪರ್ವತಗಳ ಮೂಲನಿವಾಸಿಗಳು. ದ್ವೀಪದ ಅತ್ಯುನ್ನತ ಶಿಖರವಾದ 3,952 ಮೀಟರ್ ಎತ್ತರದ ಯುಶಾನ್, ಅವರ ಐತಿಹ್ಯದಲ್ಲಿ ಮಹಾಪ್ರಳಯದ ಕಾಲಕ್ಕೆ ಪೂರ್ವಿಕರು ಆಶ್ರಯ ಪಡೆದ ಬೆಟ್ಟ. ಆಗ ನೆರೆಯನ್ನು ದಾಟಿ ಬೆಂಕಿ ತಂದುಕೊಟ್ಟದ್ದು ಕರಿ ಪಿಕಳಾರ. ಅದರ ಕೊಕ್ಕೂ ಕಾಲೂ ಕೆಂಪಾದದ್ದು ಆ ಕೆಂಡದಿಂದಲೇ ಎಂಬ ನಂಬಿಕೆಯಿಂದ ಬುನುನರು ಆ ಹಕ್ಕಿಯನ್ನು ಕೊಲ್ಲುವುದಿಲ್ಲ. ಇದರ ಹತ್ತಿರದ ಬಂಧುವೊಂದು ಪಶ್ಚಿಮಘಟ್ಟದ ಕಾಡುಗಳಲ್ಲೂ ಇದೆ.

ಇವರ ಬದುಕಿನ ಕೇಂದ್ರದಲ್ಲಿದ್ದದ್ದು ನವಣೆ. ಕಾಡಿನ ತುಂಡೊಂದನ್ನು ಕಡಿದು, ಸುಟ್ಟು, ಕೆಲವು ವರ್ಷ ಬೆಳೆ ತೆಗೆದು, ನೆಲವನ್ನು ಮತ್ತೆ ಕಾಡಿಗೆ ಬಿಡುವುದು ಅವರ ಕ್ರಮ. ನಮ್ಮ ಘಟ್ಟಗಳ ಕುಮರಿ ಬೇಸಾಯವನ್ನು ಬಲ್ಲವರಿಗೆ ಇದು ಹೊಸತಲ್ಲ. ನವಣೆಯ ಜೊತೆಗೆ ತೊಗರಿಯೂ ಅಲ್ಲಿ ಬೆಳೆಯುತ್ತದೆ. ಭಾರತದ ನೆಲದಲ್ಲಿ ಹುಟ್ಟಿದ ಈ ಬೆಳೆ ಅಲ್ಲಿನ ಗುಡ್ಡಗಾಡಿನವರ ಅಡುಗೆಯಲ್ಲಿ ಇಂದಿಗೂ ಇದೆ. ಬಿತ್ತನೆ, ಕಳೆ, ಕೊಯ್ಲು, ಬೇಟೆ ಎಲ್ಲಕ್ಕೂ ಚಂದ್ರನ ಕಲೆಗಳನ್ನು ನೋಡಿಯೇ ಆಚರಣೆಗಳನ್ನು ಗೊತ್ತುಮಾಡುತ್ತಿದ್ದರು. ಆ ಆಚರಣೆಗಳನ್ನು ಚಿತ್ರಸಂಕೇತಗಳಲ್ಲಿ ಕೆತ್ತಿದ ಮರದ ಪಂಚಾಂಗವೂ ಅವರಲ್ಲಿತ್ತು.

ಬಿತ್ತನೆಯ ಮುನ್ನ ಗಂಡಸರು ವೃತ್ತಾಕಾರದಲ್ಲಿ ನಿಂತು ‘ಪಸಿಬುತ್‌ಬುತ್’ ಹಾಡುತ್ತಾರೆ. ಹಲವು ಸ್ವರಗಳು ಏಕಕಾಲಕ್ಕೆ ಹೊಮ್ಮಿ, ಹಂತಹಂತವಾಗಿ ಮೇಲೇರುತ್ತ ಒಂದಾಗುವ ಪ್ರಾರ್ಥನೆಯಿದು. ಸ್ವರಗಳು ಚೆನ್ನಾಗಿ ಬೆರೆತಷ್ಟೂ ಫಸಲು ಹುಲುಸಾಗುವುದೆಂಬುದು ನಂಬಿಕೆ. 1943ರಲ್ಲಿ ಜಪಾನಿನ ಸಂಗೀತ ವಿದ್ವಾಂಸ ಕುರೊಸಾವಾ ತಾಕಾತೊಮೊ ಇದನ್ನು ಧ್ವನಿಮುದ್ರಿಸಿಕೊಂಡ ಮೇಲೆ ಲೋಕದ ಸಂಗೀತಜ್ಞರ ಗಮನ ಇತ್ತ ಹರಿಯಿತು.

ಹಾಡು ಹೀಗೆ ಲೋಕಕ್ಕೆ ಪರಿಚಯವಾಗುವ ಹೊತ್ತಿಗೆ ಹಾಡಿದವರ ನೆಲ ಕೈಜಾರಿತ್ತು. 1895ರಿಂದ 1945ರವರೆಗೆ ದ್ವೀಪವನ್ನಾಳಿದ ಜಪಾನೀಯರು ಬುನುನರ ಬಂದೂಕುಗಳನ್ನು ಕಿತ್ತುಕೊಂಡರು. 1915ರ ದಾಫೆನ್ ದಂಗೆಗೆ ಅದೇ ಕಿಡಿಯಾಯಿತು. 1930ರ ದಶಕದಲ್ಲಿ ಬೆಟ್ಟದ ಹಳ್ಳಿಗಳನ್ನು ಬಲವಂತದಿಂದ ತಪ್ಪಲಿಗೆ ಇಳಿಸಿ, ಭತ್ತದ ಗದ್ದೆಗೆ ಹಚ್ಚಲಾಯಿತು. ನವಣೆ ಹಿಂದೆ ಸರಿದಾಗ ಪಂಚಾಂಗ ಸಡಿಲವಾಯಿತು. ಹಾಡಿಗೆ ತನ್ನ ಋತುವೇ ಇಲ್ಲವಾಯಿತು. ಬೆಳೆ ಬದಲಾದರೆ ಊಟ ಮಾತ್ರ ಬದಲಾಗುತ್ತದೆಂದು ತಿಳಿದ ಕೃಷಿ ಯೋಜಕರು ಇದನ್ನು ಗಮನಿಸಬೇಕು. 1985ರಲ್ಲಿ ಯುಶಾನ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾದಾಗ ಪೂರ್ವಿಕರ ಬೇಟೆಯ ನೆಲೆಗಳು ಅದರ ಗಡಿಯೊಳಗೆ ಸೇರಿಹೋದವು.

ಈ ಹಿನ್ನೆಲೆಯಲ್ಲಿ ತೈತುಂಗ್ ಪ್ರಾಂತದ ಲುವಾನ್‌ಶಾನ್ ಎಂಬ ಹಳ್ಳಿಯ ಪ್ರಯತ್ನವನ್ನು ನೋಡಬೇಕು. ಬೀಳಲುಗಳನ್ನು ನೆಲಕ್ಕೂರಿ, ಹೊಸ ಕಾಂಡ ಕಟ್ಟಿಕೊಂಡು ಮುಂದೆ ಸಾಗುವ ಆಲದ ಜಾತಿಯ ಮಹಾವೃಕ್ಷಗಳು ಅಲ್ಲಿವೆ. ಜನ ಅವನ್ನು ‘ನಡೆಯುವ ಮರಗಳು’ ಎನ್ನುತ್ತಾರೆ. ಹೊರಗಿನ ಬಂಡವಾಳದವರು ಆ ಜಾಗ ಕೊಳ್ಳಲು ಬಂದಾಗ ಊರಿನ ಬುನುನ್ ವ್ಯಕ್ತಿಯೊಬ್ಬರು ಸಾಲ ಮಾಡಿ ತಾವೇ ಅದನ್ನು ಕೊಂಡರು. ಇಂದು ಅದರ ಹೆಸರು ‘ಅರಣ್ಯ ವಸ್ತುಸಂಗ್ರಹಾಲಯ’. ಗೋಡೆಯಾಗಲಿ ಗಾಜಿನ ಪೆಟ್ಟಿಗೆಯಾಗಲಿ ಅಲ್ಲಿಲ್ಲ. ಬರುವವರು ಅಡಿಕೆ ಮತ್ತು ಅಕ್ಕಿಯ ಮದ್ಯ ತಂದು, ಮೊದಲು ಪೂರ್ವಿಕರಿಗೆ ಅರ್ಪಿಸಿ, ಅಪ್ಪಣೆ ಕೇಳಿ ಒಳಹೋಗಬೇಕು. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಕಾಣಿಕೆಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಅನಂತರ ಊರಿನವರ ಹಿಂದೆ ನಡೆಯುತ್ತ, ಬಂಡೆಗಳ ಇಕ್ಕಟ್ಟಿನಲ್ಲಿ ನುಸುಳುತ್ತ, ಹಗ್ಗ ಹಿಡಿದು ಏರುತ್ತ ಕಾಡನ್ನು ಅರಿಯಬೇಕು. ಅಲ್ಲಿ ಬಂದವನು ಗಿರಾಕಿಯಲ್ಲ, ಅಪ್ಪಣೆ ಪಡೆದ ಅತಿಥಿ.

ಇದಕ್ಕೂ ಆಕ್ಷೇಪಗಳಿವೆ. ಹಣ ಕೊಟ್ಟವರೆದುರು ಹಾಡಿದ ಪ್ರಾರ್ಥನೆ ಪ್ರಾರ್ಥನೆಯಾಗಿ ಉಳಿಯುವುದೇ ಎಂಬ ಸಂದೇಹ ಹುರುಳಿಲ್ಲದ್ದಲ್ಲ. ಆದರೆ ದುಡಿಮೆಗಾಗಿ ನಗರಕ್ಕಿಳಿದ ಮಕ್ಕಳು ಹಿಂತಿರುಗಿ ಬರಲು ಊರಿನಲ್ಲಿ ಆದಾಯ ಬೇಕು. ಮರದ ಹೆಸರು ಹೇಳಬಲ್ಲ ಹಿರಿಯರಿಗೆ ಕೇಳುವ ಕಿವಿ ಬೇಕು. ಯಾವ ಹಾಡನ್ನು ಅತಿಥಿಗೆ ಕೇಳಿಸಬಹುದು, ಯಾವುದನ್ನು ಹೊಲಕ್ಕೇ ಮೀಸಲಿಡಬೇಕು ಎಂಬ ತೀರ್ಮಾನ ಊರಿನದೇ ಆಗಿರುವವರೆಗೆ ಸಂಸ್ಕೃತಿ ಸರಕಾಗುವುದಿಲ್ಲ.

ಇದಕ್ಕಿಂತ ಗಂಭೀರವಾದ ವಿರೋಧಾಭಾಸ ಬೇರೊಂದಿದೆ. ಬೇಟೆಗಾರನ ಕಥೆ ಕೇಳಲು ಪ್ರವಾಸಿಗಳು ಬರುವ ನಾಡಿನಲ್ಲೇ ಬೇಟೆಗಾರ ಅಪರಾಧಿಯಾಗುತ್ತಾನೆ. 2013ರಲ್ಲಿ ವೃದ್ಧ ತಾಯಿಗಾಗಿ ಬೇಟೆಯಾಡಿದ ಬುನುನ್ ವ್ಯಕ್ತಿಯೊಬ್ಬರಿಗೆ ಮೂರೂವರೆ ವರ್ಷಗಳ ಸೆರೆವಾಸ ವಿಧಿಸಲಾಯಿತು. 2021ರ ಮೇ 7ರಂದು ಸಾಂವಿಧಾನಿಕ ನ್ಯಾಯಾಲಯ ಮೂಲನಿವಾಸಿಗಳ ಬೇಟೆಯ ಸಂಸ್ಕೃತಿಯನ್ನು ಸಂವಿಧಾನದತ್ತ ಹಕ್ಕೆಂದು ಒಪ್ಪಿತಾದರೂ ಬಹುಪಾಲು ನಿರ್ಬಂಧಗಳನ್ನು ಎತ್ತಿಹಿಡಿಯಿತು. ಮೇ 20ರಂದು ಅಧ್ಯಕ್ಷೆ ತ್ಸಾಯ್ ಇಂಗ್-ವೆನ್ ಕ್ಷಮಾದಾನ ನೀಡಿದರು. ಕ್ಷಮೆ ಒಬ್ಬ ವ್ಯಕ್ತಿಗೆ ಬಿಡುಗಡೆ ತರಬಲ್ಲದು. ಸಮುದಾಯಕ್ಕೆ ಬೇಕಾದುದು ಹಕ್ಕು. ವನ್ಯಜೀವಿಗಳ ಉಳಿವಿಗೆ ಮಿತಿಗಳು ಅಗತ್ಯ, ನಿಜ. ಆದರೆ ಬೇಟೆಗೆ ಋತುವನ್ನೂ ನಿಷೇಧಗಳನ್ನೂ ತಾವೇ ವಿಧಿಸಿಕೊಂಡಿದ್ದ ಜನರನ್ನು ಹೊರಗಿಟ್ಟು ಆ ಮಿತಿಗಳನ್ನು ಗೊತ್ತುಮಾಡುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ.

ತೈವಾನಿನ ಮೂಲನಿವಾಸಿಗಳ ಮೂಲಭೂತ ಕಾನೂನು ಬಂದದ್ದು 2005ರಲ್ಲಿ. ಭಾರತದ ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ. ಮೂಲನಿವಾಸಿಗಳ ನೆಲದಲ್ಲಿ ಯೋಜನೆ ಕೈಗೊಳ್ಳಲು ಅವರ ಒಪ್ಪಿಗೆ ಬೇಕೆಂದು ಮೊದಲನೆಯದು ಹೇಳಿದರೆ, ಎರಡನೆಯದು ಗ್ರಾಮಸಭೆಗೆ ಅಧಿಕಾರ ನೀಡುತ್ತದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ದೊರೆತದ್ದು ಈ ಕಾಯ್ದೆಯ ಬಲದಿಂದಲೇ.

ಆದುದರಿಂದ ಪರಿಸರ ಪ್ರವಾಸದ ಹೆಸರಿನಲ್ಲಿ ಯಾವ ಯೋಜನೆ ಬೆಟ್ಟ ಹತ್ತಿ ಬಂದರೂ ಹಳ್ಳಿಗರೂ ವಿದ್ಯಾರ್ಥಿಗಳೂ ಮೂರು ಪ್ರಶ್ನೆಗಳನ್ನು ಕೇಳಲಿ. ನೆಲ ಯಾರ ಹೆಸರಿನಲ್ಲಿದೆ? ಎಷ್ಟು ಜನ, ಯಾವ ಕಾಲದಲ್ಲಿ ಬರಬೇಕೆಂದು ನಿರ್ಧರಿಸುವವರು ಯಾರು? ಅತಿಥಿಗೆ ತೋರಿಸುವ ಬದುಕನ್ನು, ಅತಿಥಿ ಹೋದ ಮೇಲೆ ಬದುಕಲು ಊರಿಗೆ ಹಕ್ಕಿದೆಯೇ? ಈ ಮೂರಕ್ಕೂ ಗ್ರಾಮಸಭೆಯಲ್ಲಿ ಉತ್ತರ ದೊರೆತ ಮೇಲೆ ಬಾಗಿಲು ತೆರೆಯಲಿ. ಅಲ್ಲಿಯವರೆಗೆ ಬಾಗಿಲಲ್ಲೇ ನಿಂತು ಅಪ್ಪಣೆ ಕೇಳುವುದನ್ನು ಬಂದವರು ಕಲಿಯಲಿ.