ಸಂಗೀತಗುರುವಿನ ಪೂರ್ವಸಂಸ್ಕಾರ

ಶಾಲೆಗೆ ಗಣಿತದ ಅಧ್ಯಾಪಕರು ಬೇಕಾದಾಗ ಆಡಳಿತ ಮಂಡಳಿಯವರು ಅಭ್ಯರ್ಥಿಯ ಪದವಿಯನ್ನೂ ಪಡೆದ ಅಂಕಗಳನ್ನೂ ನೋಡಿ ನಿರ್ಣಯಕ್ಕೆ ಬರುವುದು ವಾಡಿಕೆ. ಅದರಲ್ಲಿ ದೋಷವೇನೂ ಇಲ್ಲ. ಧಾರವಾಡದಲ್ಲಿ ಕಲಿತವರೂ ಮಂಗಳೂರಿನಲ್ಲಿ ಕಲಿತವರೂ ವರ್ಗಸಮೀಕರಣವನ್ನು ಒಂದೇ ರೀತಿಯಲ್ಲಿ ಬಿಡಿಸುತ್ತಾರೆ. ಸಂಗೀತದ ವಿಷಯ ಹಾಗಲ್ಲ. ಒಂದೇ ರಾಗವನ್ನು ಇಬ್ಬರು ಹಾಡಿದರೆ ಇಬ್ಬರ ಹಿಂದೆಯೂ ಅವರವರ ಗುರುಗಳು ನಿಂತಿರುತ್ತಾರೆ. ಸ್ವರವನ್ನು ಎಲ್ಲಿ ತಡೆಯಬೇಕು, ಎಲ್ಲಿ ಜಾರಿಸಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಪಠ್ಯಕ್ರಮವು ಬರೆದಿಡಲಾರದು. ಅದು ಶಿಕ್ಷಕನ ಕಂಠದಲ್ಲಿ, ಬೆರಳಿನಲ್ಲಿ, ಅವನು ಹಿಂದೆ ಯಾರ ಮುಂದೆ ಕುಳಿತು ಕಲಿತನೆಂಬುದರಲ್ಲಿ ಅಡಗಿರುತ್ತದೆ. ಆದುದರಿಂದ ಸಮಾಜದ ನೆರವಿನಿಂದ ನಡೆಯುವ ಸಂಗೀತಶಾಲೆಗೆ ಗುರುವನ್ನು ಆರಿಸುವಾಗ ಪ್ರಮಾಣಪತ್ರದ ಜೊತೆಗೆ, ಕೆಲವೊಮ್ಮೆ ಅದಕ್ಕಿಂತ ಮೊದಲು, ಅವನ ಸಂಗೀತದ ಪೂರ್ವಸಂಸ್ಕಾರವನ್ನು ವಿಚಾರಿಸುವುದು ಅವಶ್ಯ.

ಶರಣಪರಂಪರೆಯಲ್ಲಿ ಬೆಳೆದ ವಿದ್ಯಾಸಂಸ್ಥೆಗಳಿಗೆ ಈ ಮಾತು ಹೊಸದೆನಿಸಬಾರದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಕಿನ್ನರಿ ಬ್ರಹ್ಮಯ್ಯ, ಢಕ್ಕೆಯ ಬೊಮ್ಮಣ್ಣ ಎಂಬವರಿದ್ದರು. ನುಡಿಸುವ ವಾದ್ಯವೇ ಅವರ ಹೆಸರಿಗೆ ಸೇರಿ ಗುರುತಾಯಿತು. ನಿಜಗುಣ ಶಿವಯೋಗಿಗಳು ತಮ್ಮ 'ವಿವೇಕಚಿಂತಾಮಣಿ'ಯಲ್ಲಿ ಇತರ ಶಾಸ್ತ್ರಗಳೊಡನೆ ಸಂಗೀತಕ್ಕೂ ಸ್ಥಾನ ಕೊಟ್ಟರು. ಕೆಳದಿಯ ಬಸವಪ್ಪ ನಾಯಕನ 'ಶಿವತತ್ತ್ವರತ್ನಾಕರ'ದಲ್ಲಿಯೂ ಅದಕ್ಕೆ ಎಡೆಯುಂಟು. ಇಷ್ಟಿದ್ದೂ ಇಂದಿನ ಅನೇಕ ಶಾಲೆಗಳ ವೇಳಾಪಟ್ಟಿಯಲ್ಲಿ ಸಂಗೀತವು ವ್ಯಾಯಾಮಕ್ಕೂ ಕೈಗೆಲಸಕ್ಕೂ ಮಧ್ಯೆ ಉಳಿದ ಜಾಗದಲ್ಲಿ ನಿಂತಿರುತ್ತದೆ. ಪ್ರಾರ್ಥನೆ, ಸ್ವಾಗತಗೀತೆ, ವಂದನಾಗೀತೆ ಈ ಮೂರನ್ನು ವಾರ್ಷಿಕೋತ್ಸವಕ್ಕೆ ಮೊದಲು ಮಕ್ಕಳಿಗೆ ಬಾಯಿಪಾಠ ಮಾಡಿಸಿದರೆ ಸಂಗೀತ ಶಿಕ್ಷಕರ ಕರ್ತವ್ಯ ಮುಗಿಯಿತೆಂದು ಭಾವಿಸುವ ಆಡಳಿತಗಾರರು ವಿರಳರಲ್ಲ.

ಗುರುವಿನ ಹಿನ್ನೆಲೆಯೇ ಶಾಲೆಯ ಸ್ವರೂಪವನ್ನು ನಿರ್ಣಯಿಸುತ್ತದೆ ಎಂಬುದಕ್ಕೆ ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕಿಂತ ಉತ್ತಮ ನಿದರ್ಶನ ಕನ್ನಡನಾಡಿನಲ್ಲಿ ದೊರೆಯಲಾರದು. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಅವರಿಗೆ ದೃಷ್ಟಿಯಿರಲಿಲ್ಲ. ಶಿವಯೋಗಮಂದಿರದ ಸಂಸ್ಥಾಪಕರಾದ ಹಾನಗಲ್ಲ ಕುಮಾರ ಸ್ವಾಮಿಗಳು ಅವರನ್ನು ಕೈಹಿಡಿದರು. ಅಂಧ ಬಾಲಕನಿಗೆ ಅನ್ನವಿಕ್ಕುವ ದಯಾಳುಗಳು ಯಾವ ಕಾಲದಲ್ಲಿಯೂ ಸಿಗುತ್ತಾರೆ. ಅವನಿಗೆ ವಿದ್ಯೆಯ ದಾರಿಯನ್ನು ತೆರೆದು, ಆ ವಿದ್ಯೆ ಪಕ್ವವಾಗುವವರೆಗೆ ಕಾದು ನಿಲ್ಲುವವರು ಅಪರೂಪ. ಗವಾಯಿಗಳು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದರು. ಬಳಿಕ ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ ಪದ್ಧತಿಯನ್ನು ಕಲಿತರು. ಉಭಯಗಾನ ವಿಶಾರದರೆಂಬ ಬಿರುದು ಅವರಿಗೆ ಸಂದದ್ದು ಈ ಎರಡು ದೀರ್ಘ ಅಭ್ಯಾಸಗಳ ಫಲವಾಗಿ.

ಈ ಹಿನ್ನೆಲೆಯ ಗುರು ಶಾಲೆಯನ್ನು ಕಟ್ಟಿದಾಗ ಅದು ಹೇಗಿದ್ದೀತು? ಮೊದಮೊದಲು ಅದಕ್ಕೆ ಕಟ್ಟಡವೇ ಇರಲಿಲ್ಲ. ಗುರುವೂ ಶಿಷ್ಯರೂ ಊರಿಂದೂರಿಗೆ ಸಂಚರಿಸುತ್ತ, ಭಿಕ್ಷೆಯ ಧಾನ್ಯದಿಂದ ಹೊಟ್ಟೆ ಹೊರೆಯುತ್ತ, ಸ್ವರಾಭ್ಯಾಸ ನಡೆಸಿದರು. ಶಿಷ್ಯರನ್ನು ಸಾಕುವುದಕ್ಕಾಗಿ ನಾಟಕ ಮಂಡಳಿಯೂ ಹುಟ್ಟಿತು. ಕಂಪನಿ ನಾಟಕವನ್ನು ಹಗುರಾಗಿ ಕಾಣುವ ಪಂಡಿತರು ಇದನ್ನು ಗಮನಿಸಬೇಕು: ರಂಗದ ಮೇಲೆ ಹಾಡುವ ಹುಡುಗನಿಗೆ ಸಾಹಿತ್ಯದ ಉಚ್ಚಾರಣೆ ಸ್ಪಷ್ಟವಿರಬೇಕು, ಹಿಂದಿನ ಸಾಲಿನವರೆಗೆ ಧ್ವನಿ ಮುಟ್ಟಬೇಕು, ಹಾರ್ಮೋನಿಯಂನವನು ತಪ್ಪಿದರೂ ತಾನು ತಪ್ಪಬಾರದು. ಆಶ್ರಮದಲ್ಲಿ ಬೆಳೆದ ಗಾಯಕರ ಕನ್ನಡ ಉಚ್ಚಾರಣೆ ಸ್ಫುಟವೆಂದು ಶ್ರೋತೃಗಳು ಮೆಚ್ಚುವುದರಲ್ಲಿ ಆ ರಂಗಭೂಮಿಯ ಋಣವೂ ಇದೆಯೆಂದು ಹೇಳಬಹುದು. ಕಣ್ಣಿಲ್ಲದ ಗುರು ಕಣ್ಣಿಲ್ಲದ ಶಿಷ್ಯನಿಗೆ ಕಲಿಸುವಾಗ ಪುಸ್ತಕಕ್ಕೆ ಎಡೆಯಿಲ್ಲ. ಕಿವಿ ಮತ್ತು ನೆನಪು ಎಂಬ ಎರಡೇ ಸಾಧನಗಳು. ಸಂಗೀತಕ್ಕೆ ಬೇಕಾದವೂ ಮುಖ್ಯವಾಗಿ ಅವೇ.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮದ ಹೊಣೆ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂತು. ಅವರೂ ದೃಷ್ಟಿಹೀನರು. ಹಾರ್ಮೋನಿಯಂ, ಪಿಟೀಲು, ಸಾರಂಗಿ, ತಬಲಾಗಳನ್ನು ನುಡಿಸಬಲ್ಲವರಾಗಿ, ನಾಟಕ ಮತ್ತು ಪುರಾಣಗಳನ್ನು ರಚಿಸಬಲ್ಲವರಾಗಿ ಅವರು 2010ರವರೆಗೆ ಆ ಹೊಣೆಯನ್ನು ಹೊತ್ತರು. ಅವರಲ್ಲಿಗೆ ಬಂದ ಮಕ್ಕಳಲ್ಲಿ ವೆಂಕಟೇಶ ಕುಮಾರ ಒಬ್ಬರು. ಅವರ ತಂದೆ ಜಾನಪದ ಗಾಯಕರು, ತೊಗಲುಗೊಂಬೆ ಆಡಿಸುವವರು; ಬಾಲಕನನ್ನು ಆಶ್ರಮಕ್ಕೆ ಸೇರಿಸಿದ ಸೋದರಮಾವ ಬೆಳಗಲ್ಲು ವೀರಣ್ಣನವರೂ ರಂಗಭೂಮಿಯವರು. ಹನ್ನೆರಡು ವರ್ಷಗಳ ಆಶ್ರಮವಾಸದ ಬಳಿಕ ಆ ಬಾಲಕ ಗಾಯಕನಾಗಿ, ಮುಂದೆ ಧಾರವಾಡದ ಸಂಗೀತ ಮಹಾವಿದ್ಯಾಲಯದಲ್ಲಿ ಅಧ್ಯಾಪಕನೂ ಆದನು. ಗೊಂಬೆಯಾಟದ ಮನೆಯಿಂದ ವಿಶ್ವವಿದ್ಯಾಲಯದ ತರಗತಿಯವರೆಗಿನ ಈ ದಾರಿಯನ್ನು ಅಂಕಪಟ್ಟಿಯಲ್ಲಿ ತೋರಿಸುವುದು ಹೇಗೆ?

ಮಲ್ಲಿಕಾರ್ಜುನ ಮನಸೂರರೂ ಮೊದಲು ಬೆಳೆದದ್ದು ನಾಟಕ ಕಂಪನಿಯಲ್ಲಿ. ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತ, ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿ, ಆಮೇಲೆ ಮಂಜಿಖಾನ್ ಮತ್ತು ಬುರ್ಜಿಖಾನ್ ಸಾಹೇಬರಲ್ಲಿ ಜೈಪುರ ಪದ್ಧತಿ. ಹೀಗೆ ಮೂರು ನೀರು ಕುಡಿದವರು ಆಕಾಶವಾಣಿಯಲ್ಲಿ ವಚನಗಳನ್ನು ಹಾಡಿದಾಗ ಅವು ಮನೆಮನೆಯನ್ನು ಮುಟ್ಟಿದವು. ಬಸವರಾಜ ರಾಜಗುರುಗಳು ತಂಜಾವೂರಿನಲ್ಲಿ ಕಲಿತ ತಂದೆಯಿಂದ ಮೊದಲ ಪಾಠ ಪಡೆದು ಪಂಚಾಕ್ಷರಿ ಗವಾಯಿಗಳನ್ನು ಸೇರಿದವರು. ಅನಂತರ ಸವಾಯಿ ಗಂಧರ್ವರು, ಸುರೇಶಬಾಬು ಮಾನೆ ಮೊದಲಾದವರ ಬಳಿಗೂ ಹೋದರು. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ಮಗಳು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಕಲಿತರು. ಇವರೆಲ್ಲರೂ ತಾವು ಶಿಷ್ಯರಾಗಿ ನಡೆದ ದಾರಿಯನ್ನೇ ಗುರುಗಳಾಗಿ ಶಿಷ್ಯರಿಗೆ ಹಂಚಿದರು.

ಇದೆಲ್ಲ ಘಟ್ಟದ ಮೇಲಿನ ಮಾತಾಯಿತು, ಚಾರ್ಮಾಡಿಯಂತಹ ತಪ್ಪಲಿನ ಊರಿಗೆ ಇದರಿಂದೇನು ಎಂದು ಕೇಳುವವರಿರಬಹುದು. ಚಾರ್ಮಾಡಿಯ ಘಾಟಿರಸ್ತೆ ಬೆಳ್ತಂಗಡಿ ತಾಲೂಕನ್ನು ಮೂಡಿಗೆರೆಯ ಕೊಟ್ಟಿಗೆಹಾರಕ್ಕೆ ಸೇರಿಸುತ್ತದೆ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಾಗ ಮೇಲಿನವರಿಗೂ ಕೆಳಗಿನವರಿಗೂ ಪರಸ್ಪರರ ಅಗತ್ಯ ಎಷ್ಟೆಂಬುದು ಚೆನ್ನಾಗಿ ತಿಳಿಯಿತು. ಸಂಗೀತಶಿಕ್ಷಣದಲ್ಲಿ ಮಾತ್ರ ಈ ದಾರಿ ಇನ್ನೂ ಸರಿಯಾಗಿ ತೆರೆದಂತಿಲ್ಲ. ಇಲ್ಲಿನ ಮಗು ಶಾಲೆಗೆ ಬರುವ ಮೊದಲೇ ಸಂಗೀತವನ್ನು ಕೇಳಿರುತ್ತದೆ. ಗದ್ದೆಯಲ್ಲಿ ನೇಜಿ ನೆಡುವವರು ಹಾಡಿದ ತುಳು ಪಾಡ್ದನ, ನೇಮದ ರಾತ್ರಿಯ ಡೋಲು ಮತ್ತು ನಾಗಸ್ವರ, ಬಯಲಾಟದ ಚೆಂಡೆ-ಮದ್ದಳೆ, ಶನಿವಾರದ ಭಜನೆಯ ತಾಳ ಇವೆಲ್ಲ ಅದರ ಕಿವಿಯಲ್ಲಿವೆ. ಇದನ್ನರಿಯದ ಶಿಕ್ಷಕನು ಮಗುವಿನ ಎತ್ತರದ, ತೆರೆದ ಧ್ವನಿಯನ್ನು ಒರಟೆಂದು ತಿದ್ದಲು ಹೊರಡುತ್ತಾನೆ. ಮೇಳದ ಸಹವಾಸವಿದ್ದ ಶಿಕ್ಷಕನಾದರೋ ಚೆಂಡೆಯ ಪೆಟ್ಟಿನ ಮೇಲೆ, ಬಯಲಿನಲ್ಲಿ, ರಾತ್ರಿಯಿಡೀ ಹಾಡಬೇಕಾದ ಕಂಠ ಏಕೆ ಹಾಗೆ ಏರುತ್ತದೆಂಬುದನ್ನು ಬಲ್ಲ. ಅದನ್ನು ಕೆಡಿಸದೆ ಸರಳೆವರಸೆಗೆ ತರಬಲ್ಲ.

ಅಂತಹ ಗುರುಗಳು ಈ ಸೀಮೆಯಲ್ಲಿ ಇಲ್ಲದಿರಲಿಲ್ಲ. ಮೂಡುಬಿದಿರೆಯ ಮಾರೂರಿನಲ್ಲಿ ನೆಲೆಸಿದ್ದು 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರು ತಮ್ಮ ಅಜ್ಜನಿಂದ ಭಾಗವತಿಕೆಯನ್ನು ಪಡೆದು, ಲೆಕ್ಕವಿಲ್ಲದಷ್ಟು ಪ್ರಸಂಗಪದ್ಯಗಳನ್ನು ಕಂಠಸ್ಥವಾಗಿ ಉಳಿಸಿಕೊಂಡಿದ್ದರು. ಧರ್ಮಸ್ಥಳದ ಯಕ್ಷಗಾನ ಲಲಿತಕಲಾ ಕೇಂದ್ರಕ್ಕೆ ಗುರುಗಳಾದ ಕುರಿಯ ವಿಠಲ ಶಾಸ್ತ್ರಿಗಳು ಮೇಳದ ರಂಗಸ್ಥಳದಿಂದಲೇ ಬಂದವರು. ಉಡುಪಿಯಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರ ಆರಂಭವಾದಾಗ ಅಲ್ಲಿ ಕಲಿಸಿದ ನೀಲಾವರ ರಾಮಕೃಷ್ಣಯ್ಯನವರೂ ಹಿರಿಯಡ್ಕ ಗೋಪಾಲರಾಯರೂ ಮೇಳಗಳಲ್ಲಿ ಹಾಡಿ, ಮದ್ದಳೆ ಬಾರಿಸಿ ಪಳಗಿದವರು. ಕಾಲೇಜಿನ ನೆರಳಿನಲ್ಲಿ ನಡೆದ ಆ ಕೇಂದ್ರವು ಅವರ ಪದವಿ ಯಾವುದೆಂದು ಕೇಳುತ್ತ ಕುಳಿತಿದ್ದರೆ ಒಂದು ತಲೆಮಾರಿನ ಶಿಷ್ಯರಿಗೆ ನಷ್ಟವಾಗುತ್ತಿತ್ತು.

ಬಂಟ್ವಾಳ ತಾಲೂಕಿನ ಸಜಿಪಮೂಡದ ಕದ್ರಿ ಗೋಪಾಲನಾಥರ ಕಥೆಯೂ ಇಲ್ಲಿ ಪ್ರಸ್ತುತ. ಅವರ ತಂದೆ ನಾಗಸ್ವರ ವಾದಕರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದ ಹುಡುಗನಿಗೆ ಆ ವಾದ್ಯದಲ್ಲಿ ಕರ್ನಾಟಕ ಸಂಗೀತವನ್ನು ಕಲಿಸುವ ಪಠ್ಯಕ್ರಮವೇ ಇರಲಿಲ್ಲ. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರೂ, ಮುಂದೆ ಮದರಾಸಿನಲ್ಲಿ ಗಾಯಕರೂ ಮೃದಂಗ ವಿದ್ವಾಂಸರೂ ಆದ ಟಿ. ವಿ. ಗೋಪಾಲಕೃಷ್ಣನ್ ಅವರೂ ಅವರಿಗೆ ಗುರುಗಳಾದರು. ವಾದ್ಯ ಪರದೇಶದ್ದು, ಗಮಕ ಮಾತ್ರ ನಾಗಸ್ವರದ ಮನೆಯಿಂದ, ಗುರುಗಳ ಗಾಯನದಿಂದ ಬಂದದ್ದು.

ಪ್ರಮಾಣಪತ್ರವನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು ಸಂಗೀತಕ್ಕೆ ತರಗತಿ, ಪಠ್ಯ, ಪರೀಕ್ಷೆಗಳ ಕ್ರಮವನ್ನು ತಂದಾಗ, ಉಸ್ತಾದರ ಮನೆಯ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರಿಗೆ ಇನ್ನೊಂದು ಬಾಗಿಲು ತೆರೆಯಿತು. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿಂದ ಎಷ್ಟೋ ಹೆಣ್ಣುಮಕ್ಕಳು ಸ್ವಂತ ಕಾಲ ಮೇಲೆ ನಿಂತಿದ್ದಾರೆ. ಆದರೆ ಆ ಪಲುಸ್ಕರರು ಸ್ವತಃ ಕೀರ್ತನಕಾರರ ಮಗ. ಮಿರಜಿನಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರರ ಬಳಿ ವರ್ಷಗಟ್ಟಲೆ ಸೇವೆ ಮಾಡಿ ಕಲಿತವರು. ಪರೀಕ್ಷೆಯನ್ನು ಏರ್ಪಡಿಸಿದವರ ಕೈಯಲ್ಲಿ ಪರೀಕ್ಷೆಯ ಪತ್ರವಿರಲಿಲ್ಲ! ಪತ್ರವು ಶಿಕ್ಷಕನಿಗೆ ಇಂತಿಷ್ಟು ಗೊತ್ತೆಂದು ಹೇಳುತ್ತದೆ, ಅವನು ಯಾರೆಂದು ಹೇಳುವುದಿಲ್ಲ.

ಹಿನ್ನೆಲೆಯನ್ನು ವಿಚಾರಿಸುವುದೆಂದರೆ ಕುಲವನ್ನು ವಿಚಾರಿಸಿದಂತಾಗದೇ ಎಂಬ ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಹಾಗಾಗುವ ಅಪಾಯ ಇದೆ, ಹಿಂದೆ ಆದದ್ದೂ ಇದೆ. ಆದರೆ ಮೇಲೆ ಹೇಳಿದ ದಾರಿಗಳನ್ನು ಇನ್ನೊಮ್ಮೆ ನೋಡಬೇಕು. ಲಿಂಗಾಯತ ಯುವಕನಿಗೆ ಮುಸಲ್ಮಾನ ಉಸ್ತಾದರು ವಿದ್ಯೆ ಕೊಟ್ಟರು. ಗೊಂಬೆಯಾಟದವರ ಮಗನಿಗೆ ಮಠದ ಗವಾಯಿಗಳು ಕೊಟ್ಟರು. ನಾಗಸ್ವರದವರ ಮಗನಿಗೆ ಅಯ್ಯರ್ ಅವರು ಕೊಟ್ಟರು. ಕುಲವನ್ನು ಕೇಳಿದ್ದರೆ ಈ ಮೂರೂ ದಾರಿಗಳು ಆರಂಭದಲ್ಲಿಯೇ ಮುಚ್ಚುತ್ತಿದ್ದವು. ಗುರು ಯಾರೆಂದು ಕೇಳುವುದು ಬೇರೆ, ಹುಟ್ಟು ಯಾವುದೆಂದು ಕೇಳುವುದು ಬೇರೆ. ಶರಣರ ಹೆಸರು ಹೇಳುವ ಸಂಸ್ಥೆಯಲ್ಲಿ ಎರಡನೆಯ ಪ್ರಶ್ನೆಗೆ ಸ್ಥಳವೇ ಇಲ್ಲ.

ಹಾಗಾದರೆ ನೇಮಕ ಹೇಗೆ ನಡೆಯಬೇಕು? ಕಚೇರಿಯ ಮೇಜಿನ ಮುಂದೆ ಹತ್ತು ನಿಮಿಷ ಮಾತನಾಡಿಸಿ ಕಳುಹಿಸುವುದರಿಂದ ಏನೂ ತಿಳಿಯದು. ಬಂದವರನ್ನು ಒಂದು ವಾರ ಮಕ್ಕಳೊಡನೆ ಕೂರಿಸಬೇಕು. ಯಾರಲ್ಲಿ ಎಷ್ಟು ವರ್ಷ ಕಲಿತರು, ಯಾವ ಮೇಳದಲ್ಲಿ, ಯಾವ ಭಜನಾ ಮಂಡಳಿಯಲ್ಲಿ, ಯಾವ ಕಂಪನಿಯಲ್ಲಿ ಹಾಡಿ ಅನ್ನ ಸಂಪಾದಿಸಿದರು ಎಂದು ಸಾವಧಾನವಾಗಿ ಕೇಳಬೇಕು. ನಿವೃತ್ತ ಭಾಗವತರಿಗೆ ಶಾಲಾ ಶಿಕ್ಷಣ ಪೂರ್ಣವಾಗಿಲ್ಲದಿದ್ದರೆ ಸರಕಾರಿ ನಿಯಮದಂತೆ ಅವರು ಅಧ್ಯಾಪಕರಾಗಲಾರರು. ಆದರೆ ಗೌರವಧನ ಕೊಟ್ಟು ಅವರನ್ನು ವಾರಕ್ಕೆರಡು ದಿನ ಕರೆಸಲು ಖಾಸಗಿ ಸಂಸ್ಥೆಗೆ ಅಡ್ಡಿಯೇನು? ಒಬ್ಬರು ವಿದ್ವತ್ ಮುಗಿಸಿದವರು, ಇನ್ನೊಬ್ಬರು ಮೇಳದಲ್ಲಿ ಮುದುಕರಾದವರು, ವರ್ಷಕ್ಕೊಂದು ತಿಂಗಳು ಘಟ್ಟ ಇಳಿದು ಬರುವ ಗದುಗು-ಧಾರವಾಡದ ಕಡೆಯ ವಚನಗಾಯಕರೊಬ್ಬರು, ಇಷ್ಟಿದ್ದರೆ ತಪ್ಪಲಿನ ಶಾಲೆಗೆ ಯಥೇಷ್ಟ. ಎರಡು ಪದ್ಧತಿಗಳು ಬೆರೆತು ಕಲಬೆರಕೆಯಾಗುತ್ತದೆಂದು ಅಂಜಬೇಕಾಗಿಲ್ಲ. ಪಂಚಾಕ್ಷರಿ ಗವಾಯಿಗಳು ಎರಡನ್ನೂ ಬಲ್ಲವರಾಗಿದ್ದರು, ಎರಡನ್ನೂ ಕಲಸಲಿಲ್ಲ. ಅರ್ಧಂಬರ್ಧ ಬಲ್ಲವನೇ ಬೆರೆಸುವವನು. ಇನ್ನು ಮೊಬೈಲಿನಲ್ಲಿ ಎಲ್ಲ ವಿದ್ವಾಂಸರ ಗಾಯನವೂ ಕೇಳಲು ಸಿಗುವಾಗ ಗುರು ಏಕೆ ಎಂಬವರೂ ಉಂಟು. ಧ್ವನಿಮುದ್ರಿಕೆಯು ಹಾಡುತ್ತದೆ ನಿಜ, ಮಗು ಹಾಡಿದ್ದನ್ನು ಅದು ಕೇಳಿಸಿಕೊಳ್ಳುವುದಿಲ್ಲ.

ಉಳಿದದ್ದು ಹಣದ ಮಾತು. ಸಂಗೀತಶಾಲೆಗೆ ದಾನಿಗಳು ಕೊಡುವುದು ಬಹುತೇಕ ಕಟ್ಟಡ, ಹಾರ್ಮೋನಿಯಂ, ಧ್ವನಿವರ್ಧಕ. ಇವುಗಳ ಮೇಲೆ ಹೆಸರು ಬರೆಸಬಹುದು. ಶಿಕ್ಷಕನ ವೇತನದ ಮೇಲೆ ಹೆಸರು ಬರೆಸಲು ಬಾರದು. ಅದಕ್ಕೇ ಇರಬೇಕು, ಅತ್ಯಲ್ಪ ಗೌರವಧನಕ್ಕೆ ದುಡಿಯುವ ಸಂಗೀತ ಶಿಕ್ಷಕನು ಸಂಜೆ ಮನೆಪಾಠಕ್ಕೂ ಮದುವೆಯ ಕಾರ್ಯಕ್ರಮಕ್ಕೂ ಓಡಬೇಕಾಗುತ್ತದೆ, ಮಳೆಗಾಲ ಕಳೆಯುವಷ್ಟರಲ್ಲಿ ಶಾಲೆಯನ್ನೇ ಬಿಡುತ್ತಾನೆ. ಬೀರುವಿನಲ್ಲಿ ತಂಬೂರಿಗೆ ಧೂಳು ಹಿಡಿಯುತ್ತದೆ. ಗದುಗಿನ ಬಸರಿಗಿಡದ ವೀರಪ್ಪನವರು ಕೊಟ್ಟ ನೆಲೆಗೆ ಅವರ ಹೆಸರೇ ನಿಂತು ವೀರೇಶ್ವರ ಪುಣ್ಯಾಶ್ರಮವೆಂದು ನಾಡಿಗೆ ಪರಿಚಿತವಾಗಿದ್ದರೆ, ಅದು ಆ ಕಲ್ಲುಗೋಡೆಗಳಿಂದಲ್ಲ, ಒಳಗೆ ಕುಳಿತು ಕಲಿಸಿದವರಿಂದ. ಹಳೆಯ ವಿದ್ಯಾರ್ಥಿಗಳ ಸಂಘವು ಹೊಸ ಸಭಾಂಗಣದ ಯೋಚನೆಯನ್ನು ಒಂದೆರಡು ವರ್ಷ ಮುಂದಕ್ಕೆ ಹಾಕಿ, ಆ ಮೊತ್ತವನ್ನು ಠೇವಣಿಯಿಟ್ಟು, ಬಡ್ಡಿಯಿಂದ ಒಬ್ಬ ಸಂಗೀತಗುರುವಿಗೆ ಹನ್ನೆರಡು ತಿಂಗಳೂ ನೆಮ್ಮದಿಯ ವೇತನ ಸಲ್ಲುವಂತೆ ಮಾಡಿದರೆ ಅದು ಇಂದಿನ ಅಗತ್ಯಕ್ಕೆ ತಕ್ಕ ಸೇವೆಯಾದೀತು. ಮುಂದಿನ ವಾರ್ಷಿಕ ವರದಿಗಳಲ್ಲಿ ಸಂಗೀತ ಶಿಕ್ಷಕರ ಹೆಸರಿನ ಮುಂದೆ ಪರೀಕ್ಷೆಯ ಹೆಸರನ್ನಷ್ಟೇ ಅಲ್ಲದೆ, ಅವರ ಗುರುಗಳ ಹೆಸರನ್ನೂ ಅವರು ಹಾಡಿ ಬೆಳೆದ ಮೇಳ-ಮಂಡಳಿಗಳ ಹೆಸರನ್ನೂ ಒಂದು ಸಾಲಿನಲ್ಲಿ ಮುದ್ರಿಸುವ ಪದ್ಧತಿಯನ್ನು ಈ ವರ್ಷದಿಂದಲೇ ಆರಂಭಿಸಬಹುದು. ಅದಕ್ಕೆ ಖರ್ಚೇನೂ ತಗಲುವುದಿಲ್ಲ.